ಎರಡನೆಯ ಮತ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪ ರನ್ನರನ್ನು ನೆನೆಯುವುದು ವಾಡಿಕೆ. ಅದಕ್ಕೆ ಯೋಗ್ಯರಾದ ವಿದ್ವಾಂಸರು ಈ ಸಭೆಯಲ್ಲಿಯೇ ಇದ್ದಾರೆ. ನಾವೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತರಾದವರು. ಜಮಾ-ಖರ್ಚಿನ ತಾಳೆ ನೋಡುವುದೇ ನಮ್ಮ ಕಸುಬು. ಆದ್ದರಿಂದ ನಮಗೆ ಅನ್ನ ಕೊಟ್ಟ ಈ ಮುಂಬಯಿಯ ಒಂದು ಹಳೆಯ ಲೆಕ್ಕವನ್ನೇ ತಮ್ಮ ಮುಂದಿಡುತ್ತೇವೆ.

ಒಬ್ಬರಿಗೆ ಒಂದು ಮತವೆಂಬುದು ಇಂದು ಮಕ್ಕಳಿಗೂ ಗೊತ್ತು. ಆದರೆ 1951-52ರ ಮೊದಲ ಮಹಾಚುನಾವಣೆಯಲ್ಲಿ ಎಲ್ಲ ಕಡೆಯೂ ಹಾಗಿರಲಿಲ್ಲ. ಆಗ ಲೋಕಸಭೆಯ 489 ಸ್ಥಾನಗಳಿಗೆ ಇದ್ದ ಕ್ಷೇತ್ರಗಳು 401. ಅವುಗಳಲ್ಲಿ 314 ಕ್ಷೇತ್ರಗಳಿಂದ ಒಬ್ಬೊಬ್ಬರು, 86 ಕ್ಷೇತ್ರಗಳಿಂದ ಇಬ್ಬಿಬ್ಬರು, ಉತ್ತರ ಬಂಗಾಳವೆಂಬ ಒಂದೇ ಒಂದು ಕ್ಷೇತ್ರದಿಂದ ಮೂವರು. ಕೂಡಿ ನೋಡಿರಿ, ಲೆಕ್ಕ ಸರಿಯಾಗಿದೆ. ಇಬ್ಬರನ್ನು ಆರಿಸುವ ಕಡೆ ಸಾಮಾನ್ಯವಾಗಿ ಒಂದು ಸ್ಥಾನ ಎಲ್ಲರಿಗೂ ತೆರೆದದ್ದು, ಇನ್ನೊಂದು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಮೀಸಲು. ಆದರೆ ಮತದಾರ ಯಾವ ಜಾತಿಯವನೇ ಆಗಲಿ, ಅವನಿಗೆ ಎರಡು ಮತ. ಒಬ್ಬೊಬ್ಬ ಅಭ್ಯರ್ಥಿಗೂ ಅವನ ಗುರುತನ್ನು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಎರಡು ಮತಗಳನ್ನೂ ಒಬ್ಬನಿಗೇ ಕೊಡುವಂತಿಲ್ಲ. ಹಾಗೆ ಕೊಟ್ಟರೆ ಎರಡನೆಯದು ಕೆಟ್ಟಂತೆಯೇ.

ಮುಂಬಯಿ ನಗರ ಉತ್ತರವು ಅಂಥ ದ್ವಿಸದಸ್ಯ ಕ್ಷೇತ್ರ. ನೆಹರೂ ಸಂಪುಟದಿಂದ 1951ರಲ್ಲಿ ಹೊರಬಂದಿದ್ದ ಡಾ. ಅಂಬೇಡ್ಕರರು ಅಲ್ಲಿ ಮೀಸಲು ಸ್ಥಾನಕ್ಕೆ ನಿಂತರು. ಅವರ ಜೊತೆಗಾರರಾಗಿ ಸಮಾಜವಾದಿ ಪಕ್ಷದ ಅಶೋಕ ಮೆಹತಾ ನಿಂತರು. ಕಾಂಗ್ರೆಸ್ಸಿನಿಂದ ವಿಠ್ಠಲ ಬಾಲಕೃಷ್ಣ ಗಾಂಧಿ ಮತ್ತು ನಾರಾಯಣ ಸದೋಬಾ ಕಾಜರೋಳ್ಕರ್. ಕಮ್ಯುನಿಸ್ಟ್ ಪಕ್ಷದಿಂದ ಡಾಂಗೆ.

ಫಲಿತಾಂಶ ಹೀಗೆ: ಗಾಂಧಿಯವರಿಗೆ 1,49,138, ಮೆಹತಾರಿಗೆ 1,39,741, ಕಾಜರೋಳ್ಕರರಿಗೆ 1,38,137, ಅಂಬೇಡ್ಕರರಿಗೆ 1,23,576. ಮೀಸಲು ಸ್ಥಾನ ಕಾಜರೋಳ್ಕರರದು, ಸಾಮಾನ್ಯ ಸ್ಥಾನ ಗಾಂಧಿಯವರದು. ಕಾಜರೋಳ್ಕರರಿಗಿಂತ ಹೆಚ್ಚು ಮತ ಪಡೆದರೂ ಮೆಹತಾ ಸೋತರು. ಅವರ ಸ್ಪರ್ಧೆ ಸಾಮಾನ್ಯ ಸ್ಥಾನಕ್ಕೆ. ಸಂವಿಧಾನದ ಕರಡನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು 14,561 ಮತಗಳಿಂದ ಸೋತರು.

ಬ್ಯಾಂಕಿನವರ ಕಣ್ಣು ಇಲ್ಲಿ ಇನ್ನೊಂದು ಅಂಕಿಯ ಮೇಲೆ ನಿಲ್ಲುತ್ತದೆ. ಮೆಹತಾ ಮತ್ತು ಅಂಬೇಡ್ಕರ್ ಒಂದೇ ಜೋಡಿ. ಒಬ್ಬರಿಗೆ ಹಾಕಿದವನು ಇನ್ನೊಬ್ಬರಿಗೂ ಹಾಕಬೇಕಿತ್ತು. ಆದರೆ ಇಬ್ಬರ ನಡುವೆ 16,165 ಮತಗಳ ಅಂತರ! ಮೆಹತಾರಿಗೆ ಬಂದಷ್ಟೇ ಮತ ಅಂಬೇಡ್ಕರರಿಗೂ ಬಂದಿದ್ದರೆ ಅವರು 1,604 ಮತಗಳಿಂದ ಗೆಲ್ಲುತ್ತಿದ್ದರು. ಸಾವಿರಾರು ಮತಗಳು ಲೆಕ್ಕಕ್ಕೆ ಬಾರದೆ ತಿರಸ್ಕೃತವಾದುವೆಂದು ಇಬ್ಬರೂ ಚುನಾವಣಾ ತಕರಾರು ಹೂಡಿದರು, ಅದು ಫಲಿಸಲಿಲ್ಲ. ಯಾರ ಮನಸ್ಸಿನಲ್ಲಿ ಏನಿತ್ತೆಂದು ಲೆಕ್ಕದ ಪುಸ್ತಕ ಹೇಳುವುದಿಲ್ಲ. ಎರಡನೆಯ ಮತ ಜೊತೆಗಾರನನ್ನು ಮುಟ್ಟಲಿಲ್ಲವೆಂಬುದನ್ನು ಮಾತ್ರ ಹೇಳುತ್ತದೆ. 1954ರಲ್ಲಿ ಭಂಡಾರಾದ ಉಪಚುನಾವಣೆಯಲ್ಲೂ ಇದೇ ಕಥೆ: ಮೆಹತಾ ಗೆದ್ದರು, ಅಂಬೇಡ್ಕರ್ ಸೋತರು.

ಅಂಬೇಡ್ಕರರು 1956ರ ಡಿಸೆಂಬರಿನಲ್ಲಿ ತೀರಿಕೊಂಡರು. 1957ರಲ್ಲಿ ಕ್ಷೇತ್ರಗಳ ಎಲ್ಲೆ ಬದಲಾಗಿತ್ತು. ನಗರದ ದ್ವಿಸದಸ್ಯ ಕ್ಷೇತ್ರ ಈಗ ಮುಂಬಯಿ ನಗರ ಮಧ್ಯ. ಐದು ವರ್ಷಗಳ ಹಿಂದೆ ಎದುರಾಳಿಗಳಾಗಿದ್ದ ಕಮ್ಯುನಿಸ್ಟರೂ ಅಂಬೇಡ್ಕರರ ಪರಿಶಿಷ್ಟ ಜಾತಿ ಒಕ್ಕೂಟದವರೂ ಸಂಯುಕ್ತ ಮಹಾರಾಷ್ಟ್ರ ಸಮಿತಿಯಲ್ಲಿ ಒಂದಾಗಿದ್ದರು. ಡಾಂಗೆ ಗೆದ್ದರು, ಒಕ್ಕೂಟದ ಜಿ. ಕೆ. ಮಾನೆಯವರೂ ಗೆದ್ದರು. ಕೈ ಕೂಡಿದಾಗ ಎರಡೂ ಸ್ಥಾನ ಬಂದುವು.

ನಮ್ಮ ನಾಡಿನ ಕಡೆಗೂ ಒಮ್ಮೆ ನೋಡೋಣ. 1952ರಲ್ಲಿ ಮೈಸೂರು ಕ್ಷೇತ್ರದಿಂದಲೂ ಇಬ್ಬರು. ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ. ಎಸ್. ಗುರುಪಾದಸ್ವಾಮಿ, ಕಾಂಗ್ರೆಸ್ಸಿನ ಎನ್. ರಾಚಯ್ಯ. ಒಂದೇ ಕ್ಷೇತ್ರದ ಜನ ಎದುರೆದುರು ಪಕ್ಷಗಳ ಇಬ್ಬರನ್ನು ಒಟ್ಟಿಗೆ ದಿಲ್ಲಿಗೆ ಕಳಿಸಿದರು. ಕೋಲಾರವೂ ದ್ವಿಸದಸ್ಯ ಕ್ಷೇತ್ರವೇ. 1957ರಲ್ಲಿ ಕೆ. ಸಿ. ರೆಡ್ಡಿಯವರೂ ದೊಡ್ಡತಿಮ್ಮಯ್ಯನವರೂ ಅಲ್ಲಿಂದ ಆರಿಸಿಬಂದರು.

ಅದೇ 1957ರಲ್ಲಿ ಆಂಧ್ರದ ಪಾರ್ವತೀಪುರದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಎರಡು ಸ್ಥಾನಗಳನ್ನೂ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳೇ ಗೆದ್ದರು. ಸಾಮಾನ್ಯ ಸ್ಥಾನದಲ್ಲಿ ಸೋತವರು ವಿ. ವಿ. ಗಿರಿ, ಮುಂದೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ, 1969ರಲ್ಲಿ ರಾಷ್ಟ್ರಪತಿಗಳಾದವರು. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಮೀಸಲಾತಿಯು ಕನಿಷ್ಠ ಒಂದು ಸ್ಥಾನದ ಭರವಸೆ. ತೆರೆದ ಸ್ಥಾನಕ್ಕೆ ಅದು ಬೇಲಿಯಲ್ಲ ಎಂಬುದೇ 1959ರ ತೀರ್ಪಿನ ತಾತ್ಪರ್ಯ. ಬಳಿಕ 1961ರ ಕಾಯಿದೆಯಿಂದ ದ್ವಿಸದಸ್ಯ ಕ್ಷೇತ್ರಗಳೇ ರದ್ದಾದುವು. 1962ರಿಂದ ಒಂದು ಕ್ಷೇತ್ರಕ್ಕೆ ಒಬ್ಬರೇ. ಅಷ್ಟು ದೊಡ್ಡ ಕ್ಷೇತ್ರಗಳನ್ನು ಸುತ್ತುವುದು ಅಭ್ಯರ್ಥಿಗಳಿಗೆ ಕಷ್ಟವಾಗಿತ್ತು, ನಿಜ. ಆದರೆ ಪರರ ಮನೆಯವನಿಗೂ ಒಂದು ಮತ ಕೊಡುವ ಅಭ್ಯಾಸವೂ ಅದರೊಡನೆ ಹೋಯಿತು.

ಇದನ್ನೆಲ್ಲ ಈ ಶುಭ ದಿನ ಏಕೆ ಹೇಳುತ್ತಿದ್ದೀರಿ ಎಂದು ತಾವು ಕೇಳಬಹುದು. ಕಳೆದ ಸಲ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಚುನಾವಣೆಯಲ್ಲಿ, ಬ್ಯಾಂಕಿನವರು ಲೆಕ್ಕ ತಪ್ಪರೆಂಬ ವಿಶ್ವಾಸದಿಂದ, ಎಣಿಕೆಗೆ ನಮ್ಮನ್ನೇ ಕೂರಿಸಿದ್ದಿರಿ. ಒಬ್ಬೊಬ್ಬ ಸದಸ್ಯರಿಗೂ ಹನ್ನೊಂದು ಮತ. ಚೀಟಿ ಬಿಚ್ಚಿದರೆ ಒಂದರಲ್ಲಿ ಎರಡು ಗುರುತು, ಇನ್ನೊಂದರಲ್ಲಿ ಮೂರು, ಮಿಕ್ಕದ್ದು ಖಾಲಿ. ಧಾರವಾಡದವರು ಧಾರವಾಡದವರಿಗೆ, ಉಡುಪಿಯವರು ಉಡುಪಿಯವರಿಗೆ, ಮೈಸೂರಿನವರು ಮೈಸೂರಿನವರಿಗೆ. ಉಳಿದ ಮತಗಳನ್ನು ಕೊಟ್ಟರೆ ತಮ್ಮವನಿಗೆ ಅದೇ ಮುಳುವಾದೀತೆಂಬ ಅಂಜಿಕೆ. ಭಾನುವಾರ ಭಾನುವಾರ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುವ ತಾಯಿಯೊಬ್ಬರು ಆ ದಿನ ಸೋತರು. ಅವರ ಊರಿನವರು ಸಂಘದಲ್ಲಿ ನಾಲ್ಕೇ ಮನೆ.

ನಿಜ ಹೇಳಬೇಕೆಂದರೆ, ಆ ಖಾಲಿ ಚೀಟಿಗಳಲ್ಲಿ ನಮ್ಮದೂ ಒಂದಿತ್ತು. ಎಣಿಸುವಾಗ ನಮ್ಮ ಕೈಬರಹದ ಗುರುತನ್ನು ನಾವೇ ಕಂಡು ನಾಚಿದೆವು. ಮಾರನೆಯ ಭಾನುವಾರ ಮಗಳನ್ನು ಪಾಠಕ್ಕೆ ಬಿಡಲು ಹೋದಾಗ ಆ ತಾಯಿ ಎಂದಿನಂತೆಯೇ ‘ಬನ್ನಿ’ ಎಂದರು. ನಮಗೆ ತಲೆಯೆತ್ತಿ ನೋಡಲಾಗಲಿಲ್ಲ.

1956ರ ನವೆಂಬರ್ 1ರಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದಾದರು. ಪರಊರಿಗೆ ಬಂದ ನಾವು ಮತ್ತೆ ಜಿಲ್ಲೆ ಜಿಲ್ಲೆಯಾಗಿ ಹಂಚಿಹೋಗುವುದು ತರವೇ? ನಮ್ಮ ಮೊದಲ ಮತ ನಮ್ಮ ಊರಿಗಿರಲಿ, ಬೇಡವೆನ್ನುವುದಿಲ್ಲ. ಎರಡನೆಯ ಮತ ಪಕ್ಕದ ಮನೆಯ ಕನ್ನಡಿಗನಿಗಿರಲಿ. ಮುಂದಿನ ಸಲವೂ ಎಣಿಕೆಗೆ ಕೂರಿಸಿದರೆ ಬರುತ್ತೇವೆ. ಚೀಟಿಗಳು ತುಂಬಿರಲೆಂಬುದೇ ನಮ್ಮ ಬೇಡಿಕೆ.

ಜಯ ಕರ್ನಾಟಕ!