ತೊಳೆದರೆ ಹೋಗುವ ಮೈಲಿಗೆ, ತೊಳೆದರೂ ಹೋಗದ ಮೈಲಿಗೆ



ಪಂಗಾನಿಯನ್ನು ಹಾದು ಹೊರಡುವ ಥಿಕಾ ರಸ್ತೆಯ ಜಾಡು ಹಿಡಿದು ಉತ್ತರಕ್ಕೆ ಸಾಗಿದರೆ ಇಸಿಯೋಲೊ ಬರುತ್ತದೆ, ಮಾರ್ಸಾಬಿಟ್ ಬರುತ್ತದೆ, ಕೊನೆಗೆ ಮೊಯಾಲೆಯಲ್ಲಿ ಇಥಿಯೋಪಿಯಾದ ಗಡಿ ಬರುತ್ತದೆ. ಆ ಗಡಿಯಾಚೆಯ ಎತ್ತರದ ನಾಡಿನಲ್ಲಿ, ಗೀಝ್ ಎಂಬ ಪುರಾತನ ಭಾಷೆಯಲ್ಲಿ, ಒಂದು ಯೆಹೂದ್ಯ ಗ್ರಂಥ ಇಡಿಯಾಗಿ ಉಳಿದುಕೊಂಡಿತು. ಬೇರೆಲ್ಲೂ ಅದು ಇಡಿಯಾಗಿ ಉಳಿಯಲಿಲ್ಲ. ಹನೋಕನ ಗ್ರಂಥವೆಂದು ಅದರ ಹೆಸರು. ಸ್ಕಾಟ್ಲೆಂಡಿನ ಪ್ರವಾಸಿ ಜೇಮ್ಸ್ ಬ್ರೂಸ್ 1773ರಲ್ಲಿ ಅದರ ಹಸ್ತಪ್ರತಿಗಳನ್ನು ಯೂರೋಪಿಗೆ ಒಯ್ದ. 1821ರಲ್ಲಿ ರಿಚರ್ಡ್ ಲಾರೆನ್ಸ್ ಅದನ್ನು ಇಂಗ್ಲಿಷಿಗೆ ತಂದ. ಕಳೆದುಹೋದ ಗ್ರಂಥವೊಂದು ಸಿಕ್ಕಿತೆಂದು ಯೂರೋಪು ಸಂಭ್ರಮಿಸಿತು. ಇಥಿಯೋಪಿಯಾದ ಚರ್ಚಿನ ಪಾಲಿಗೆ ಅದು ಎಂದೂ ಕಳೆದಿರಲಿಲ್ಲ. ಅದರ ಬೈಬಲಿನಲ್ಲಿ ಇಂದಿಗೂ ಇದೆ. 1947ರ ನಂತರ ಮೃತ ಸಮುದ್ರದ ದಡದ ಕುಮ್ರಾನ್ ಗವಿಗಳಲ್ಲಿ ದೊರೆತ ಸುರುಳಿಗಳ ನಡುವೆ ಇದೇ ಗ್ರಂಥದ ಅರಮೇಯಿಕ್ ತುಣುಕುಗಳು ಸಿಕ್ಕಿದಾಗ, ಅದು ಕ್ರಿಸ್ತಪೂರ್ವದ ಯೆಹೂದ್ಯರ ಕೃತಿಯೆಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಇಂಥ ಬರಹಗಳನ್ನು ಅಪೊಕ್ಯಾಲಿಪ್ಸ್ ಎನ್ನುತ್ತಾರೆ. ಗ್ರೀಕ್ ಮೂಲದ ಆ ಮಾತಿಗೆ ಮುಸುಕು ತೆಗೆಯುವುದು ಎಂದರ್ಥ. ಲೋಕ ಯಾಕೆ ಹೀಗೆ ಕೆಟ್ಟಿತು, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಗುಟ್ಟನ್ನು ದೇವದೂತನೊಬ್ಬ ಪುರಾತನ ಋಷಿಯಂಥ ವ್ಯಕ್ತಿಗೆ ತೋರಿಸಿಕೊಡುವುದು ಇವುಗಳ ಸಾಮಾನ್ಯ ಕಥನಕ್ರಮ. ಪ್ರಗತಿಪರ ಓದುಗರು ಸಾಮಾನ್ಯವಾಗಿ ಇವುಗಳಲ್ಲಿ ಸಾಮ್ರಾಜ್ಯವಿರೋಧವನ್ನು ಹುಡುಕುತ್ತಾರೆ. ಅದು ಸಿಗುತ್ತದೆ ಕೂಡ. ಆದರೆ ಇವುಗಳ ಒಡಲಲ್ಲಿ ಇನ್ನೊಂದು ಭಾಷೆ ಹರಿಯುತ್ತಿದೆ, ಅದು ಮಡಿಮೈಲಿಗೆಯ ಭಾಷೆ. ಕನ್ನಡದ ಕಿವಿಗೆ ಅದು ಬಲು ಬೇಗ ಕೇಳಿಸಬೇಕು. ಸ್ಪರ್ಶಕ್ಕೂ ಹೆಣ್ಣಿನ ತಿಂಗಳ ಸ್ರಾವಕ್ಕೂ ‘ಮುಟ್ಟು’ ಎಂಬ ಒಂದೇ ಮಾತನ್ನು ಇಟ್ಟುಕೊಂಡಿರುವ ಭಾಷೆಯಲ್ಲವೇ ಇದು!

ಮೊದಲಿಗೆ ಯಾಜಕಕಾಂಡವನ್ನು ನೋಡಬೇಕು. ಅದು ಅಪೊಕ್ಯಾಲಿಪ್ಸ್ ಅಲ್ಲ, ಆದರೆ ಮುಂದಿನವರೆಲ್ಲ ನಿಂತ ನೆಲ ಅದು. ಹೆರಿಗೆ, ಚರ್ಮದ ರೋಗ, ದೇಹದ ಸ್ರಾವಗಳು, ಇವುಗಳಿಂದ ಅಶುದ್ಧಿ ಬರುತ್ತದೆ ಎಂದು ಅದು ಹೇಳುತ್ತದೆ. ಶವ ಮುಟ್ಟಿದರೆ ಏಳು ದಿನ ಎಂದು ಅರಣ್ಯಕಾಂಡ ವಿಧಿಸುತ್ತದೆ. ಈ ಅಶುದ್ಧಿ ಅಂಟುತ್ತದೆ, ಹಾಗೆಯೇ ಹೋಗುತ್ತದೆ. ಸ್ನಾನ ಮಾಡಿ, ಬಟ್ಟೆ ಒಗೆದು, ಸೂರ್ಯ ಮುಳುಗುವವರೆಗೆ ಕಾದರೆ ಬಹುಪಾಲು ಪ್ರಸಂಗಗಳಲ್ಲಿ ಮುಗಿಯಿತು. ಅದು ಪಾಪವಲ್ಲ, ಮಗುವನ್ನು ಹೆತ್ತವಳೂ ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವನೂ ತಪ್ಪು ಮಾಡಿದವರಲ್ಲ. ಎರಡನೆಯ ಬಗೆಯ ಅಶುದ್ಧಿಯೂ ಇದೆ. ಕೊಲೆ, ವಿಗ್ರಹಾರಾಧನೆ, ನಿಷಿದ್ಧ ಕಾಮ, ಇವು ವ್ಯಕ್ತಿಯನ್ನಷ್ಟೇ ಅಲ್ಲ, ನಾಡನ್ನೇ ಹೊಲೆಗೆಡಿಸುತ್ತವೆ. ಇದಕ್ಕೆ ಸ್ನಾನವಿಲ್ಲ, ನೆಲವೇ ಜನರನ್ನು ಕಾರಿಬಿಡುತ್ತದೆ ಎನ್ನುತ್ತದೆ ಆ ಗ್ರಂಥ. ವಿದ್ವಾಂಸ ಜೊನಾಥನ್ ಕ್ಲಾವನ್ಸ್ ಈ ಎರಡನ್ನು ಆಚಾರದ ಅಶುದ್ಧಿ ಮತ್ತು ನೈತಿಕ ಅಶುದ್ಧಿ ಎಂದು ಬಿಡಿಸಿ ತೋರಿಸಿದ್ದಾರೆ.

ಈ ಪಟ್ಟಿಯನ್ನು ಶರಣರು ತಿರಸ್ಕರಿಸಿದ ಪಂಚಸೂತಕಗಳ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಜನನ, ಮರಣ, ರಜಸ್ಸು, ಎಂಜಲು, ಜಾತಿ. ಮೊದಲ ಮೂರು ಎರಡೂ ಕಡೆ ಇವೆ. ಐದನೆಯದು ಯಾಜಕಕಾಂಡದಲ್ಲಿಲ್ಲ. ಅಲ್ಲಿ ಮಹಾಯಾಜಕನೂ ಮೈಲಿಗೆಯಾಗುತ್ತಾನೆ, ಕುರುಬನೂ ಆಗುತ್ತಾನೆ, ಇಬ್ಬರೂ ಶುದ್ಧರಾಗುತ್ತಾರೆ. ಹುಟ್ಟಿನಿಂದಲೇ ಮೈಲಿಗೆಯಾದ, ಸಾಯುವವರೆಗೂ ಹಾಗೆಯೇ ಉಳಿಯುವ ಮನುಷ್ಯ ಆ ವ್ಯವಸ್ಥೆಯೊಳಗೆ ಇಲ್ಲ. ಹಾಗಾದರೆ ಅಂಥವನು ಯಾವಾಗ ಬಂದ, ಯಾವ ದಾರಿಯಲ್ಲಿ ಬಂದ? ಅಪೊಕ್ಯಾಲಿಪ್ಟಿಕ್ ಬರಹಗಳ ಮಡಿಮೈಲಿಗೆಯನ್ನು ಈ ಪ್ರಶ್ನೆ ಹಿಡಿದು ಓದಬೇಕು.

ಹನೋಕನ ಗ್ರಂಥದ ಮೊದಲ 36 ಅಧ್ಯಾಯಗಳು ಕ್ರಿ.ಪೂ. ಮೂರನೆಯ ಶತಮಾನದವು. ಅವು ಹೇಳುವ ಕತೆ ಇದು: ಸ್ವರ್ಗದ ಕಾವಲುದೂತರಲ್ಲಿ 200 ಮಂದಿ ಹೆರ್ಮೋನ್ ಬೆಟ್ಟದ ಮೇಲೆ ಇಳಿದು, ಒಬ್ಬರಿಗೊಬ್ಬರು ಆಣೆ ಹಾಕಿಕೊಂಡು, ಮನುಷ್ಯರ ಹೆಣ್ಣುಮಕ್ಕಳನ್ನು ಹೆಂಡಿರನ್ನಾಗಿ ಮಾಡಿಕೊಳ್ಳುತ್ತಾರೆ. ಹುಟ್ಟಿದ ದೈತ್ಯರು ಮೊದಲು ಜನರ ದುಡಿಮೆಯನ್ನು ತಿನ್ನುತ್ತಾರೆ. ಅದು ಸಾಲದಾದಾಗ ಜನರನ್ನೇ ತಿನ್ನುತ್ತಾರೆ, ರಕ್ತ ಕುಡಿಯುತ್ತಾರೆ. ಅಸಾಯೇಲನೆಂಬ ದೂತ ಗಂಡಸರಿಗೆ ಕತ್ತಿ, ಗುರಾಣಿ ಮಾಡುವುದನ್ನು ಕಲಿಸುತ್ತಾನೆ. ಒಡವೆಯ ಕೆಲಸ, ಕಣ್ಣಿಗೆ ಕಪ್ಪು ಹಚ್ಚುವ ವಿದ್ಯೆಯೂ ಅವನದೇ. ಆಗ ಭೂಮಿಯೇ ದೂರು ಕೊಡುತ್ತದೆ. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾನಿಗಳು ಪ್ಯಾಲೆಸ್ಟೈನನ್ನು ತುಳಿದುಕೊಂಡು ಮತ್ತೆ ಮತ್ತೆ ನಡೆಸಿದ ಯುದ್ಧಗಳ ನೆನಪು ಈ ದೈತ್ಯರಲ್ಲಿದೆ ಎಂದು ಜಾರ್ಜ್ ನಿಕಲ್ಸ್‌ಬರ್ಗ್ ಓದಿದರು. ದೇವಮೂಲದವರೆಂದು ಹೇಳಿಕೊಂಡ ಆ ರಾಜರನ್ನು ನೋಡಿದ ರೈತನಿಗೆ, ದುಡಿಮೆಯನ್ನು ತಿಂದು ಆಮೇಲೆ ದುಡಿದವನನ್ನೇ ತಿನ್ನುವ ಪ್ರಾಣಿ ಎಂಬುದಕ್ಕಿಂತ ನಿಖರವಾದ ವರ್ಣನೆ ಸಿಗುತ್ತಿರಲಿಲ್ಲ.

ಕೊನೆಗೆ ದೇವರು ಮೀಕಾಯೇಲನಿಗೆ ಭೂಮಿಯನ್ನು ತೊಳೆಯಲು ಹೇಳುತ್ತಾನೆ, ಎಲ್ಲ ಅಶುದ್ಧಿಯಿಂದ, ಎಲ್ಲ ದಬ್ಬಾಳಿಕೆಯಿಂದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಈ ಗ್ರಂಥದ ದೊಡ್ಡತನ. ಕೊಳೆ ಎಂದರೆ ಬಡವನ ಮೈಯಲ್ಲಿರುವುದಲ್ಲ, ಹರಿದ ರಕ್ತ, ಕಿತ್ತುಕೊಂಡ ಅನ್ನ ಎಂದು ಹೇಳುವ ಧೈರ್ಯ ಅಲ್ಲಿದೆ.

ಅದೇ ಗ್ರಂಥ ಹದಿನೈದನೆಯ ಅಧ್ಯಾಯದಲ್ಲಿ ಬೇರೆ ಮಾತಾಡುತ್ತದೆ. ಕಾವಲುದೂತರ ಅಪರಾಧ ಅಲ್ಲಿ ಹಿಂಸೆಯಲ್ಲ. ಶಾಶ್ವತರಾದ ಅವರು ಹೆಂಗಸರ ರಕ್ತದಿಂದ ಮೈಲಿಗೆಯಾದದ್ದು. ಇದು ಯೆರೂಸಲೇಮಿನ ಯಾಜಕರು ಸಲ್ಲದ ಮದುವೆ ಮಾಡಿಕೊಳ್ಳುತ್ತಿದ್ದುದರ ವಿಡಂಬನೆ ಎಂಬ ಡೇವಿಡ್ ಸೂಟರ್ ಅವರ ಓದು ಮನವರಿಕೆಯಾಗುವಂತಿದೆ. ಯಾಜಕವರ್ಗದ ಭ್ರಷ್ಟತೆಯ ಮೇಲೆ ಎತ್ತಿದ ಕೈ ಅದು. ಆದರೆ ಏಟು ಬಿದ್ದದ್ದು ಹೆಣ್ಣಿನ ಮೈಮೇಲೆ. ದೈತ್ಯರು ಕುಡಿದ ರಕ್ತವೂ ಹೆಣ್ಣಿನ ರಕ್ತವೂ ಒಂದೇ ಪದದಡಿ ಸೇರಿಕೊಂಡವು. ಎರಡು ಅಶುದ್ಧಿಗಳ ನಡುವಿನ ಗೆರೆ ಅಳಿಸತೊಡಗಿದ್ದು ಇಲ್ಲಿ.

ಜ್ಯೂಬಿಲೀಸ್ ಗ್ರಂಥದಲ್ಲಿ ಅದು ಪೂರ್ತಿ ಅಳಿಸಿಹೋಯಿತು. ಕ್ರಿ.ಪೂ. ಎರಡನೆಯ ಶತಮಾನದ ಈ ಕೃತಿಯೂ ಇಡಿಯಾಗಿ ಉಳಿದದ್ದು ಗೀಝ್ ಭಾಷೆಯಲ್ಲೇ. ಕಾಲ ಸಾಮಾನ್ಯವಾದುದಲ್ಲ: ಕ್ರಿ.ಪೂ. 167ರಲ್ಲಿ ಸೆಲ್ಯೂಸಿದ್ ದೊರೆ ನಾಲ್ಕನೆಯ ಆಂಟಿಯೋಕಸ್ ಯೆರೂಸಲೇಮಿನ ದೇಗುಲವನ್ನೇ ಅಪವಿತ್ರಗೊಳಿಸಿದ. ದಾನಿಯೇಲನ ಗ್ರಂಥ ಆ ಬಿಕ್ಕಟ್ಟಿನ ಬೇಗೆಯಲ್ಲಿ ಈಗಿನ ರೂಪ ಪಡೆಯಿತು. ಅರಸನ ಊಟ ಬೇಡವೆಂದು ಕಾಳು, ನೀರಿನಲ್ಲಿ ದಿನ ಕಳೆದ ದಾನಿಯೇಲನ ಮಡಿ ಸೋತವರ ಮಡಿ, ಪ್ರತಿಭಟನೆಯ ಮಡಿ. ಜ್ಯೂಬಿಲೀಸಿನದು ಹಾಗಲ್ಲ. ಆದಿಕಾಂಡದ ದೀನಾಳ ಕತೆಯನ್ನು ಅದು ತಿರುಗಿ ಹೇಳುವ ರೀತಿಯನ್ನು ಗಮನಿಸಿ. ಮೂಲದಲ್ಲಿ ಶೆಕೆಮಿನ ಗಂಡಸರು ಸುನ್ನತಿ ಮಾಡಿಸಿಕೊಂಡು ಒಂದೇ ಜನವಾಗಲು ಒಪ್ಪುತ್ತಾರೆ, ದೀನಾಳ ಅಣ್ಣಂದಿರು ಮೋಸದಿಂದ ಅವರನ್ನು ಕೊಲ್ಲುತ್ತಾರೆ, ತಂದೆ ಯಾಕೋಬ ಮಕ್ಕಳನ್ನು ಗದರುತ್ತಾನೆ. ಜ್ಯೂಬಿಲೀಸ್ ಸುನ್ನತಿಯ ಸಂಗತಿಯನ್ನೇ ಬಿಟ್ಟುಬಿಡುತ್ತದೆ. ಕೊಲೆಯನ್ನು ಹೊಗಳುತ್ತದೆ. ಲೇವಿಯ ವಂಶಕ್ಕೆ ಯಾಜಕಪದವಿ ಸಿಕ್ಕಿದ್ದೇ ಆ ಆವೇಶಕ್ಕಾಗಿ ಎನ್ನುತ್ತದೆ. ಮಗಳನ್ನು ಅನ್ಯಜನರಿಗೆ ಕೊಟ್ಟವನಿಗೆ ಕಲ್ಲೇಟಿನ ಸಾವು, ಮಗಳಿಗೆ ಬೆಂಕಿ ಎಂದು ವಿಧಿಸುತ್ತದೆ.

ಸುನ್ನತಿಯನ್ನು ಬಿಟ್ಟದ್ದು ಮರೆವಿನಿಂದಲ್ಲ. ಅದು ಇದ್ದರೆ ಒಳಗೆ ಬರಲು ಬಾಗಿಲೊಂದು ಇದೆಯೆಂದಾಗುತ್ತದೆ. ಬೀಜವೇ ಪವಿತ್ರವೆಂದಾದ ಮೇಲೆ ಹೊರಗಿನವನು ಏನು ಮಾಡಿದರೂ ಒಳಗಿನವನಾಗಲಾರ; ಯಾವ ನೀರೂ ಬೀಜವನ್ನು ತೊಳೆಯಲಾರದು. ಪವಿತ್ರ ಬೀಜವೆಂಬ ಮಾತು ಎಜ್ರನ ಗ್ರಂಥದಲ್ಲೇ ಇತ್ತು. ಜ್ಯೂಬಿಲೀಸ್ ಅದನ್ನು ದಂಡಸಂಹಿತೆಯಾಗಿಸಿತು. ಕ್ರಿಸ್ಟೀನ್ ಹೇಯ್ಸ್ ಇದನ್ನು ವಂಶದ ಅಶುದ್ಧಿಯೆಂಬ ಮೂರನೆಯ ಬಗೆಯಾಗಿ ಗುರುತಿಸುತ್ತಾರೆ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಆ ತಂದೆಯರಿಗೆ ಬಿದ್ದ ಶಿಕ್ಷೆಯ ಕತೆ ಬಲ್ಲವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಮ್ರಾನಿನವರ ಬಗ್ಗೆ ಒಂದೆರಡು ಮಾತು ಸಾಕು. ಮನಸ್ಸು ತಿರುಗದವನನ್ನು ಎಷ್ಟು ನೀರಿನಿಂದ ತೊಳೆದರೂ ಶುದ್ಧನಾಗನು ಎಂದು ಅವರ ಸಮುದಾಯದ ನಿಯಮಾವಳಿ ಹೇಳಿತು. ಒಳ್ಳೆಯ ಮಾತು. ಆದರೆ ಅವರ ಯುದ್ಧದ ಸುರುಳಿ ಕೊನೆಯ ಸಮರದ ಪಾಳೆಯಕ್ಕೆ ಕುಂಟರು, ಕುರುಡರು, ಹೆಂಗಸರು, ಮಕ್ಕಳು ಬರಕೂಡದೆಂದಿತು. ದೇವದೂತರು ಸೈನ್ಯದ ಜೊತೆಗಿರುತ್ತಾರಂತೆ. ಶೌಚದ ಜಾಗ ಪಾಳೆಯದಿಂದ ಸುಮಾರು 2000 ಮೊಳ ದೂರವಿರಬೇಕು. ಲೋಕದ ಅನ್ಯಾಯವನ್ನು ಕೊನೆಗಾಣಿಸಲು ಹೊರಟವರು ಮೊದಲು ಅಳೆದದ್ದು ಆ ದೂರವನ್ನು.

ದೂರ ಅಳೆಯುವ ಈ ಕೆಲಸಕ್ಕೆ ನೈರೋಬಿಯಲ್ಲಿ ಬೇರೆಯದೇ ಭಾಷೆ ಇತ್ತು, ವೈದ್ಯಶಾಸ್ತ್ರದ ಭಾಷೆ. 1902ರಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಇಲ್ಲಿನ ಇಂಡಿಯನ್ ಬಜಾರನ್ನು ಸುಟ್ಟುಹಾಕಲಾಯಿತು. ಆಮೇಲೆ 1913ರಲ್ಲಿ ನೈರ್ಮಲ್ಯದ ತಪಾಸಣೆಗೆಂದು ಪ್ರೊಫೆಸರ್ ಡಬ್ಲ್ಯು. ಜೆ. ಸಿಂಪ್ಸನ್ ಬಂದರು. ಅವರು ಅದಕ್ಕೆ ಮುಂಚೆ ಕಲ್ಕತ್ತೆಯ ಆರೋಗ್ಯಾಧಿಕಾರಿಯಾಗಿದ್ದವರು. ಯೂರೋಪಿಯನ್ನರು, ಏಷ್ಯನ್ನರು, ಆಫ್ರಿಕನ್ನರು ಬೇರೆಬೇರೆ ಕೇರಿಗಳಲ್ಲಿರಬೇಕು, ನಡುವೆ ಖಾಲಿ ನೆಲ ಬಿಡಬೇಕು ಎಂಬುದು ಅವರ ಶಿಫಾರಸು. ಇಲಿ, ಚಿಗಟ, ಕಟ್ಟಿಕೊಂಡ ಚರಂಡಿ, ಇವೆಲ್ಲ ತೊಳೆದರೆ ಹೋಗುವ ಕೊಳೆ. ನಗರಸಭೆಯು ಆ ಬಜಾರಿಗೆ ಚರಂಡಿ ಕೊಟ್ಟಿದ್ದರೆ ಮುಗಿಯುವ ಮಾತು. ವರದಿ ಅದನ್ನು ಜನಾಂಗದ ಗುಣವಾಗಿಸಿತು. ಯಾಜಕಕಾಂಡದಿಂದ ಜ್ಯೂಬಿಲೀಸಿಗೆ ಹೋದ ಅದೇ ದಾರಿ. ಆದರೆ ಜ್ಯೂಬಿಲೀಸನ್ನು ಬರೆದವರು ಸಾಮ್ರಾಜ್ಯದ ನೆರಳಿನಲ್ಲಿದ್ದ ಚಿಕ್ಕ ಜನಾಂಗದವರು, ಇದನ್ನು ಬರೆದದ್ದು ಸಾಮ್ರಾಜ್ಯವೇ. ಈ ವ್ಯತ್ಯಾಸವನ್ನು ಮರೆತು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಭಾರತೀಯರು ಇದನ್ನು ಗಟ್ಟಿಯಾಗಿ ವಿರೋಧಿಸಿದರು. ಎ. ಎಂ. ಜೀವನ್‌ಜೀಯಂಥ ಮುಂದಾಳುಗಳ ಹೋರಾಟ ಸಣ್ಣದಲ್ಲ. 1923ರ ಡೆವನ್‌ಶೈರ್ ಶ್ವೇತಪತ್ರ ಪಟ್ಟಣಗಳಲ್ಲಿ ಯೂರೋಪಿಯನ್ನರಿಗೂ ಏಷ್ಯನ್ನರಿಗೂ ನಡುವಿನ ಕಾನೂನಿನ ಗೋಡೆಯನ್ನು ಕೈಬಿಟ್ಟಿತು; ಎತ್ತರದ ಫಲವತ್ತಾದ ಭೂಮಿಯನ್ನು ಮಾತ್ರ ಬಿಳಿಯರಿಗೇ ಉಳಿಸಿತು. ಆಗಲೂ ಪಂಗಾನಿ ಆಫ್ರಿಕನ್ನರ ಹಳ್ಳಿಯಾಗಿತ್ತು, ಮಣ್ಣಿನ ಗೋಡೆಯ ಮನೆಗಳ, ಸ್ವಾಹಿಲಿ ಮಾತಾಡುವ ಮುಸ್ಲಿಮರು ಬಹಳವಾಗಿದ್ದ ಹಳ್ಳಿ. ಮನೆಗಳ ಒಡತಿಯರಲ್ಲಿ ಅನೇಕರು ಒಂಟಿ ಹೆಂಗಸರು. ಮೈಮಾರಿ ಗಳಿಸಿದ ಹಣದಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರೂ ಇದ್ದರೆಂದು ಚರಿತ್ರೆಕಾರ್ತಿ ಲೂಯಿಸ್ ವೈಟ್ ತಮ್ಮ 1990ರ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಆಡಳಿತದ ಕಣ್ಣಿಗೆ ಅದು ಎರಡು ಬಗೆಯಲ್ಲೂ ಕೊಳಕು, ಚರಂಡಿಯಿಂದಲೂ ನಡತೆಯಿಂದಲೂ. 1930ರ ದಶಕದ ಕೊನೆಗೆ ಹಳ್ಳಿಯನ್ನು ಕೆಡವಲಾಯಿತು, ಜನರನ್ನು ಶೌರಿ ಮೋಯೋಗೆ ಕಳಿಸಲಾಯಿತು. ಆಮೇಲೆ ಈ ನೆಲದ ಮೇಲೆ ಎದ್ದ ಬಡಾವಣೆಯಲ್ಲಿ ಹೆಚ್ಚಾಗಿ ನೆಲೆಸಿದವರು ಭಾರತೀಯ ಮೂಲದವರು. ಬಿಳಿಯರ ಗೆರೆಯಾಚೆ ನಿಲ್ಲಿಸಲ್ಪಟ್ಟವರಿಗೆ ತಮಗಿಂತ ಕೆಳಗೆ ಎಳೆದ ಗೆರೆ ಅಷ್ಟಾಗಿ ನೋಯಿಸಲಿಲ್ಲ. ನೈರೋಬಿಯ ಮನೆಗಳ ಹಿತ್ತಿಲಲ್ಲಿ ಆಳುಗಳಿಗೆಂದು ಬೇರೆ ಬಾಗಿಲು, ಬೇರೆ ಶೌಚವಿರುವ ಕೋಣೆಯೊಂದಿರುತ್ತದೆ. ಎಸ್‌ಕ್ಯು ಎಂಬ ಎರಡಕ್ಷರದಲ್ಲಿ ಎಲ್ಲರಿಗೂ ಅದು ಗೊತ್ತು. ಕನ್ನಡ ಮನೆಗಳಿಂದ ಬಂದವರಿಗೆ ಆ ನಕ್ಷೆ ವಿಚಿತ್ರವೆನಿಸದಿದ್ದರೆ ಆಶ್ಚರ್ಯವಿಲ್ಲ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ ವಲಸಿಗರೊಳಗಿಂದಲೇ ಎದ್ದ ವಿರೋಧವೂ ಇದೇ ಮನೆಯ ಇನ್ನೊಂದು ಕೋಣೆ.

ಜ್ಯೂಬಿಲೀಸನ್ನು ಪವಿತ್ರವೆಂದು ಕಾಪಾಡಿಕೊಂಡವರಲ್ಲಿ ಇಥಿಯೋಪಿಯಾದ ಯೆಹೂದ್ಯರಾದ ಬೇಟಾ ಇಸ್ರಾಯೇಲರೂ ಸೇರಿದ್ದಾರೆ. ಮುಟ್ಟಾದ ಹೆಂಗಸಿಗೆ ಊರಂಚಿನ ಗುಡಿಸಲು, ಹೊರಗಿನವರ ಸ್ಪರ್ಶವಾದರೆ ಸ್ನಾನ, ಇಷ್ಟು ಕಟ್ಟುನಿಟ್ಟಾಗಿ ಮಡಿ ಪಾಲಿಸಿದವರು. 1984ರಲ್ಲೂ 1991ರಲ್ಲೂ ಸಾವಿರಾರು ಮಂದಿಯನ್ನು ವಿಮಾನಗಳಲ್ಲಿ ಇಸ್ರೇಲಿಗೆ ಕರೆದೊಯ್ಯಲಾಯಿತು. 1996ರ ಜನವರಿಯಲ್ಲಿ ಅಲ್ಲಿನ ಪತ್ರಿಕೆಯೊಂದು ಬಯಲು ಮಾಡಿದ ಸುದ್ದಿ: ಅವರು ದಾನ ಮಾಡಿದ ರಕ್ತವನ್ನು ಎಚ್‌ಐವಿ ಭಯದಿಂದ, ಅವರಿಗೆ ತಿಳಿಸದೆ, ವರ್ಷಗಳಿಂದ ಚೆಲ್ಲಲಾಗುತ್ತಿತ್ತು. ಸಾವಿರಾರು ಜನ ಯೆರೂಸಲೇಮಿನ ಬೀದಿಗಿಳಿದರು. ಬೀಜದ ಪಾವಿತ್ರ್ಯವನ್ನು ಎರಡು ಸಾವಿರ ವರ್ಷಗಳಿಂದ ಬೋಧಿಸುತ್ತ ಬಂದ ಗ್ರಂಥವನ್ನು ಎದೆಗೊತ್ತಿಕೊಂಡು ಬಂದವರ ರಕ್ತವೇ ಅಲ್ಲಿ ಚರಂಡಿ ಸೇರಿತು.

ಹನೋಕನ ಗ್ರಂಥದಲ್ಲೇ ಇನ್ನೊಂದು ಕನಸಿದೆ. 85ರಿಂದ 90ರವರೆಗಿನ ಅಧ್ಯಾಯಗಳು. ಮನುಷ್ಯ ಚರಿತ್ರೆಯೆಲ್ಲ ಅಲ್ಲಿ ಪ್ರಾಣಿಗಳ ಕತೆ. ಆದಾಮ ಬಿಳಿ ಹೋರಿ, ಕಾಯಿನ ಕಪ್ಪು ಕರು, ಹೇಬೆಲ ಕೆಂಪು. ಇಸ್ರಾಯೇಲರು ಕುರಿಗಳು, ಅವರನ್ನು ಹರಿದು ತಿನ್ನುವ ಅನ್ಯಜನರು ತೋಳ, ಸಿಂಹ, ಹದ್ದುಗಳು. ಸೆರೆಯಿಂದ ಮರಳಿ ಬಂದವರು ಕಟ್ಟಿದ ಎರಡನೆಯ ದೇಗುಲದ ನೈವೇದ್ಯದ ರೊಟ್ಟಿಯೆಲ್ಲ ಮೈಲಿಗೆ ಎಂದು ಇದು ನೇರವಾಗಿ ಹೇಳುತ್ತದೆ. ಕೊನೆಯಲ್ಲಿ ಒಂದು ಬಿಳಿ ಹೋರಿ ಹುಟ್ಟುತ್ತದೆ, ಅದರೆದುರು ಎಲ್ಲ ಪ್ರಾಣಿಗಳೂ, ಕುರಿಗಳಷ್ಟೇ ಅಲ್ಲ, ಕಾಡುಮೃಗಗಳೂ ಹಕ್ಕಿಗಳೂ, ಬಿಳಿ ಹೋರಿಗಳಾಗಿ ಮಾರ್ಪಡುತ್ತವೆ. ಕುರಿಗಳ ಒಡೆಯ ಎಲ್ಲವನ್ನೂ ಕಂಡು ಹಿಗ್ಗುತ್ತಾನೆ. ಜ್ಯೂಬಿಲೀಸ್ ಬರೆದ ಅದೇ ಶತಮಾನದಲ್ಲಿ, ಅದೇ ಪೆಟ್ಟು ತಿಂದ ಜನರ ನಡುವಿನಿಂದ ಈ ಕನಸು ಬಂತು. ಇಲ್ಲಿ ಬೀಜ ಕೊನೆಯ ಮಾತಲ್ಲ. ತೋಳವನ್ನೂ ಹೊರಗೆ ನಿಲ್ಲಿಸಿಲ್ಲ.

ಆದರೂ ಶುದ್ಧವಾಗಬೇಕಾದರೆ ಬಿಳಿಯಾಗಬೇಕು, ಕುರಿ ಕುರಿಯಾಗಿ ಉಳಿಯುವಂತಿಲ್ಲ. ಈ ಗ್ರಂಥವನ್ನು ತಲೆಮಾರುಗಳವರೆಗೆ ಚರ್ಮದ ಹಾಳೆಗಳ ಮೇಲೆ ಕೈಯಿಂದ ನಕಲು ಮಾಡಿ ಉಳಿಸಿಕೊಟ್ಟವರು ಇಥಿಯೋಪಿಯಾದ ಕಪ್ಪು ಲಿಪಿಕಾರರು.