ಅಗೆಯುವವರು, ಹೊರುವವರು

(ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ರಸ್ತೆ ಅಗಲ ಮಾಡುವ ಕಡೆ ಬಸ್ಸು ನಿಧಾನವಾದರೆ ಕಿಟಕಿಯ ಪಕ್ಕ ಕುಳಿತವರೆಲ್ಲ ಹೊರಗೆ ಇಣುಕುತ್ತಾರೆ. ದಿಬ್ಬದ ಮೇಲೆ ಉದ್ದ ತೋಳಿನ ಯಂತ್ರವೊಂದು ನಿಂತಿರುತ್ತದೆ. ಅದು ತೋಳು ಚಾಚಿ ಮಣ್ಣು ಕೆರೆದು, ಬಕೆಟ್ ಮಡಿಚಿ, ಸೊಂಟ ತಿರುಗಿಸಿ, ಕೆಳಗೆ ಕಾದಿರುವ ಟಿಪ್ಪರಿಗೆ ಸುರಿಯುತ್ತದೆ. ಮತ್ತೆ ತಿರುಗುತ್ತದೆ. ಮಕ್ಕಳಿರಲಿ, ದೊಡ್ಡವರಿಗೂ ಇದನ್ನು ಎಷ್ಟು ನೋಡಿದರೂ ಸಾಲದು.

ನಮ್ಮ ಕಡೆ ಜನ ಈ ಯಂತ್ರವನ್ನು ‘ಹಿಟಾಚಿ’ ಎಂದೇ ಕರೆಯುತ್ತಾರೆ. ಅದು ಜಪಾನಿನ ಒಂದು ಕಂಪನಿಯ ಹೆಸರು. ಮಹಾರಾಷ್ಟ್ರದಲ್ಲಿ ಇದೇ ಯಂತ್ರಕ್ಕೆ ಪೊಕ್ಲೇನ್ ಎಂಬ ಫ್ರೆಂಚ್ ಕಂಪನಿಯ ಹೆಸರು ಅಂಟಿಕೊಂಡಿದೆ. ಮುಂದೆ ಸಲಿಕೆ, ಹಿಂದೆ ಕೊಕ್ಕು ಇರುವ ಟೈರಿನ ಯಂತ್ರ ‘ಜೆಸಿಬಿ’. ಅದು ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಉದ್ಯಮಿಯ ಹೆಸರಿನ ಮೊದಲಕ್ಷರಗಳು. ಹೀಗೆ ಅಗೆಯುವ ಯಂತ್ರಕ್ಕೆ ಊರೂರಿಗೊಂದು ಹೆಸರಿದೆ. ಕೆಳಗೆ ನಿಂತ ಲಾರಿಯನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಆದರೆ ಮಣ್ಣು ಕೆಲಸ ಎಂದೂ ಒಂಟಿ ಕೆಲಸವಾಗಿರಲಿಲ್ಲ. ಅಗೆಯುವವರೊಬ್ಬರು, ಹೊರುವವರೊಬ್ಬರು. ಈ ಇಬ್ಬರ ಹೊಂದಾಣಿಕೆಯ ಮೇಲೆಯೇ ಕೆಲಸದ ವೇಗ, ಖರ್ಚು, ಕೆಲವೊಮ್ಮೆ ಪ್ರಾಣವೂ ನಿಂತಿದೆ. ಇಂದಿನ ಮಾತು ಈ ಜೋಡಿಯನ್ನು ಕುರಿತದ್ದು.

ಗುದ್ದಲಿ ಮತ್ತು ಪುಟ್ಟಿ

ಕರ್ನಾಟಕದ ಕೆರೆ ಏರಿಗಳನ್ನು ಕಟ್ಟಿದವರಲ್ಲಿ ಭೋವಿ ಸಮುದಾಯದ ಪಾತ್ರ ದೊಡ್ಡದು. ಕಲ್ಲು ಕೆಲಸದವರು ಕಲ್ಲೊಡ್ಡರು, ಮಣ್ಣು ಕೆಲಸದವರು ಮಣ್ಣೊಡ್ಡರು ಎಂದು ವೃತ್ತಿಯಿಂದಲೇ ಗುರುತಾದವರು ಇವರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ 12ನೇ ಶತಮಾನದ ಶರಣ ಸಿದ್ಧರಾಮನನ್ನು ಈ ಸಮುದಾಯ ತನ್ನ ಗುರುವೆಂದು ಪೂಜಿಸುವುದು ಆಕಸ್ಮಿಕವೇನಲ್ಲ. ಗಂಡಸು ಗುದ್ದಲಿ ಹಿಡಿದು ಅಗೆದರೆ ಹೆಂಗಸು ತಲೆಯ ಮೇಲೆ ಸಿಂಬಿ ಇಟ್ಟು ಪುಟ್ಟಿ ಹೊರುವುದು, ದೂರ ಹೆಚ್ಚಿದರೆ ಕತ್ತೆಯ ಮೇಲೆ ಹೇರುವುದು ರೂಢಿ. ಏರಿ ಎತ್ತರವಾದಂತೆ ಹೊರುವ ದಾರಿ ಉದ್ದವಾಗುತ್ತದೆ. ಆಗ ಒಬ್ಬ ಅಗೆಯುವವನಿಗೆ ಒಬ್ಬರು ಹೊರುವವರು ಸಾಲುವುದಿಲ್ಲ, ಇಬ್ಬರು ಬೇಕು, ಮೂವರು ಬೇಕು. ಶಾಲೆಗೆ ಹೋಗದ ಮೇಸ್ತ್ರಿಗೂ ಈ ಲೆಕ್ಕ ಗೊತ್ತಿತ್ತು.

ಕೂಲಿಯ ಅಳತೆಯೂ ಜಾಣತನದ್ದೇ. ಅಗೆದ ಗುಂಡಿಯ ನಡುವೆ ಅಲ್ಲಲ್ಲಿ ಒಂದೊಂದು ಮಣ್ಣಿನ ಕಂಬವನ್ನು ಹಾಗೆಯೇ ಉಳಿಸುತ್ತಿದ್ದರು. ನೆಲ ಮೊದಲು ಎಷ್ಟು ಎತ್ತರವಿತ್ತು ಎಂಬುದಕ್ಕೆ ಅದು ಸಾಕ್ಷಿ. ಅಳತೆಯಾದ ಮೇಲೆಯೇ ಅದನ್ನು ಕಡಿಯುವುದು. ಹೊತ್ತ ಮಣ್ಣನ್ನು ಅಳೆಯದೆ ಗುಂಡಿಯನ್ನೇ ಏಕೆ ಅಳೆಯಬೇಕು? ಅಗೆದ ಮಣ್ಣು ಉಬ್ಬುತ್ತದೆ. ಗಟ್ಟಿ ನೆಲದಲ್ಲಿ 4 ಪಾಲು ಇದ್ದದ್ದು ಸಡಿಲವಾದಾಗ ಸುಮಾರು 5 ಪಾಲಾಗುತ್ತದೆ. ಸಿಡಿಸಿದ ಬಂಡೆ ಇನ್ನೂ ಹೆಚ್ಚು ಉಬ್ಬುತ್ತದೆ. ಈ ಉಬ್ಬಿನ ವಿಷಯ ಮುಂದೆ ಮತ್ತೆ ಬರುತ್ತದೆ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದಾಗ ಸುಮಾರು 10 ಸಾವಿರ ಕೂಲಿಗಾರರು ದುಡಿದರು. ಹೊರುವ ಕೆಲಸದ ಬಹುಪಾಲು ನಡೆದದ್ದು ಮನುಷ್ಯರ ತಲೆ, ಭುಜಗಳ ಮೇಲೆಯೇ. ಅದೇ ಹೊತ್ತಿಗೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಈ ಜೋಡಿ ಕೆಲಸಕ್ಕೆ ಬೇರೆಯದೇ ರೂಪ ಬಂದಿತ್ತು.

ಕುಲೆಬ್ರಾದ ಪಾಠ

ಉಗಿಯಿಂದ ನಡೆಯುವ ಸಲಿಕೆಯನ್ನು ರೂಪಿಸಿದವನು ಅಮೆರಿಕದ ವಿಲಿಯಂ ಓಟಿಸ್. 1839ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ 26ನೇ ವಯಸ್ಸಿನಲ್ಲಿ ಆತ ತೀರಿಕೊಂಡ. ಅವನ ಯಂತ್ರದ ಸಂತತಿಗೆ ಅತಿ ದೊಡ್ಡ ಪರೀಕ್ಷೆ ಎದುರಾದದ್ದು ಪನಾಮಾ ಕಾಲುವೆಯಲ್ಲಿ. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳ ನಡುವೆ ಕುಲೆಬ್ರಾ ಎಂಬ ಗುಡ್ಡಸಾಲನ್ನು ಸೀಳಬೇಕಿತ್ತು.

ಅಮೆರಿಕನ್ನರು 1904ರಲ್ಲಿ ಕೆಲಸ ಕೈಗೆತ್ತಿಕೊಂಡರು. ಮೊದಲ ವರ್ಷ ಬಹುಪಾಲು ವ್ಯರ್ಥವಾಯಿತು. ಸಲಿಕೆಗಳೇನೋ ಇದ್ದವು, ಆದರೆ ತುಂಬಿದ ಬಂಡಿಗಳನ್ನು ಒಯ್ದು ಖಾಲಿ ಬಂಡಿಗಳನ್ನು ಹೊತ್ತಿಗೆ ಸರಿಯಾಗಿ ತಂದು ನಿಲ್ಲಿಸುವ ವ್ಯವಸ್ಥೆ ಇರಲಿಲ್ಲ. ಯಂತ್ರ ಬಾಯಿ ತೆರೆದು ಕಾಯುತ್ತಿತ್ತು. 1905ರ ಜುಲೈಯಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದ ಜಾನ್ ಸ್ಟೀವನ್ಸ್ ಮೂಲತಃ ರೈಲು ಹಳಿ ಹಾಕುವ ಮನುಷ್ಯ. ಆತ ಬಂದೊಡನೆ ಮಾಡಿದ ಕೆಲಸ ಎಲ್ಲರನ್ನೂ ಅಚ್ಚರಿಗೊಳಿಸಿತು. ಅಗೆಯುವುದನ್ನೇ ನಿಲ್ಲಿಸಿಬಿಟ್ಟ! ವಸತಿ, ನೀರು, ಸೊಳ್ಳೆ ನಿರ್ಮೂಲನ, ಅದಕ್ಕಿಂತ ಮುಖ್ಯವಾಗಿ ಹೊಸ ಹಳಿಗಳು ಮತ್ತು ಹೊಸ ಬಂಡಿಗಳು ಬರುವ ತನಕ ಗುಡ್ಡಕ್ಕೆ ಕೈ ಹಾಕಬಾರದೆಂದ. ಕಾಲುವೆ ತೋಡುವುದು ಅಗೆತದ ಸಮಸ್ಯೆಯಲ್ಲ, ಸಾಗಣೆಯ ಸಮಸ್ಯೆ ಎಂಬುದು ಅವನ ನಿಲುವು.

ಫಲ ಮುಂದೆ ಕಂಡಿತು. 95 ಟನ್ ತೂಕದ ಉಗಿ ಸಲಿಕೆಗಳು ಒಂದೊಂದು ಬಾರಿಗೆ 5 ಘನ ಗಜ ಮಣ್ಣೆತ್ತುತ್ತಿದ್ದವು. ಕಣಿವೆಯಿಂದ ದಿನಕ್ಕೆ ಸುಮಾರು 160 ರೈಲುಗಳು ಮಣ್ಣು ಹೊತ್ತು ಹೊರಡುತ್ತಿದ್ದವು. ಸುರಿಯುವ ಜಾಗದಲ್ಲಿ ಒಂದು ದೈತ್ಯ ನೇಗಿಲನ್ನು ಹಗ್ಗ ಕಟ್ಟಿ ರೈಲಿನುದ್ದಕ್ಕೂ ಎಳೆದು, 20 ಬಂಡಿಗಳನ್ನು ಸುಮಾರು 10 ನಿಮಿಷದಲ್ಲಿ ಖಾಲಿ ಮಾಡುತ್ತಿದ್ದರು. ಸ್ಟೀವನ್ಸ್ 1907ರಲ್ಲಿ ರಾಜೀನಾಮೆ ಕೊಟ್ಟ. ಆದರೂ ಅವನು ಹಾಕಿಕೊಟ್ಟ ವ್ಯವಸ್ಥೆ ನಡೆಯಿತು. 1913ರ ಮೇ 20ರಂದು ಎರಡು ಕಡೆಯಿಂದ ಬಂದ ಎರಡು ಸಲಿಕೆಗಳು ಕಣಿವೆಯ ತಳದಲ್ಲಿ ಎದುರುಬದುರಾದವು. 1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು.

ಇದರ ಬೆಲೆಯನ್ನೂ ಹೇಳಬೇಕು. ಅಮೆರಿಕನ್ನರ ಕಾಲದ ಅಧಿಕೃತ ಲೆಕ್ಕದಂತೆ ರೋಗ ಮತ್ತು ಅಪಘಾತಗಳಿಂದ ಸತ್ತವರು 5,609 ಮಂದಿ. ಅವರಲ್ಲಿ ಹೆಚ್ಚಿನವರು ಬಾರ್ಬಡೋಸ್ ಮತ್ತಿತರ ಕೆರಿಬಿಯನ್ ದ್ವೀಪಗಳಿಂದ ಗಂಟೆಗೆ 10 ಸೆಂಟ್ ಕೂಲಿಗೆ ಬಂದ ಕಪ್ಪು ಜನ. ಸಲಿಕೆಯ ಆಪರೇಟರ್ ಬಿಳಿಯ, ಸಂಬಳ ಚಿನ್ನದ ನಾಣ್ಯದಲ್ಲಿ. ಹಳಿ ಸರಿಸುವವನು, ಮದ್ದು ತುಂಬುವವನು ಕರಿಯ, ಕೂಲಿ ಬೆಳ್ಳಿಯಲ್ಲಿ. ಯಂತ್ರ ಬಂದ ಮೇಲೂ ಅಗೆಯುವವರಿಗೂ ಹೊರುವವರಿಗೂ ಇದ್ದ ಅಂತರ ಹೋಗಲಿಲ್ಲ.

ಹಳಿಯಿಂದ ಟೈರಿಗೆ

ರೈಲಿನ ತೊಂದರೆ ಎಂದರೆ ಅಗೆತ ಮುಂದೆ ಸಾಗಿದಂತೆ ಹಳಿಯನ್ನೂ ಸರಿಸಬೇಕು. ಟೈರಿನ ಲಾರಿಗೆ ಆ ಬಂಧನವಿಲ್ಲ. ರಸ್ತೆಗೆ ಇಳಿಯದೆ ಗಣಿ, ಅಣೆಕಟ್ಟೆಗಳಲ್ಲಷ್ಟೇ ದುಡಿಯುವ ಭಾರಿ ಡಂಪರ್‌ಗಳನ್ನು ಅಮೆರಿಕದ ಯೂಕ್ಲಿಡ್ ಕಂಪನಿ 1930ರ ದಶಕದಲ್ಲಿ ತಯಾರಿಸತೊಡಗಿತು. ಎರಡನೇ ಮಹಾಯುದ್ಧದ ನಂತರ ಉಕ್ಕಿನ ಹಗ್ಗ, ರಾಟೆಗಳ ಜಾಗಕ್ಕೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ತೋಳುಗಳು ಬಂದವು. ಇಂದು ಕಾಣುವ ಜೋಡಿ ಹೀಗೆ ಸಿದ್ಧವಾಯಿತು.

ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಿಇಎಂಎಲ್, ಕೆಜಿಎಫ್‌ನಲ್ಲಿ ಅಗೆಯುವ ಯಂತ್ರಗಳನ್ನೂ ಮೈಸೂರಿನಲ್ಲಿ ಡಂಪರ್‌ಗಳನ್ನೂ ತಯಾರಿಸುತ್ತ ಬಂದಿದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಗೆಯುವುದನ್ನೇ ಬದುಕಾಗಿಸಿಕೊಂಡ ಊರಿನಲ್ಲಿ ಅಗೆಯುವ ಯಂತ್ರದ ಕಾರ್ಖಾನೆ ಉಳಿಯಿತು.

ಒಳ್ಳೆಯ ಕೈಯ ಗುರುತು

ಒಂದು ಟಿಪ್ಪರಿಗೆ ಮಣ್ಣು ತುಂಬುವುದರಲ್ಲಿ ಏನಿದೆ ವಿದ್ಯೆ ಎಂದು ಕೇಳಬಹುದು. ಅಗೆಯುವುದು, ತುಂಬಿದ ಬಕೆಟ್ ತಿರುಗಿಸುವುದು, ಸುರಿಯುವುದು, ಖಾಲಿ ಬಕೆಟ್ ಮರಳಿ ತರುವುದು: ಈ ನಾಲ್ಕು ಸೇರಿ ಒಂದು ಸುತ್ತು. ರಸ್ತೆ ಕೆಲಸದ ಮಧ್ಯಮ ಗಾತ್ರದ ಯಂತ್ರಕ್ಕೆ ಇದು ಸುಮಾರು 20 ಸೆಕೆಂಡಿನ ಕೆಲಸ. ಯಂತ್ರ ಹೆಚ್ಚು ತಿರುಗಿದಷ್ಟೂ ಹೊತ್ತು ಹೆಚ್ಚು. ಆದ್ದರಿಂದ ಅನುಭವಿ ಆಪರೇಟರ್ ಮೊದಲು ತಾನು ನಿಲ್ಲುವ ದಿಬ್ಬವನ್ನು ಸಮ ಮಾಡಿಕೊಳ್ಳುತ್ತಾನೆ. ಲಾರಿ ತನಗಿಂತ ತಗ್ಗಿನಲ್ಲಿ, ಪಕ್ಕದಲ್ಲೇ ನಿಲ್ಲುವಂತೆ ನೋಡಿಕೊಳ್ಳುತ್ತಾನೆ. ಆಗ ಬಕೆಟನ್ನು ಅಷ್ಟೆತ್ತರ ಎತ್ತಬೇಕಿಲ್ಲ, ಬಾಡಿಯ ಒಳಗೂ ಕಣ್ಣಿಗೆ ಕಾಣುತ್ತದೆ.

ಮೊದಲ ಬಕೆಟ್ ನುಣುಪು ಮಣ್ಣಿನದಾಗಿರಬೇಕು, ತಗ್ಗಿನಿಂದ ಮೆಲ್ಲಗೆ ಸುರಿಯಬೇಕು. ಅದು ಹಾಸಿಗೆಯಿದ್ದಂತೆ. ದೊಡ್ಡ ಕಲ್ಲುಗಳು ಅದರ ಮೇಲೆ ಬಿದ್ದರೆ ಬಾಡಿಗೂ ಪೆಟ್ಟಿಲ್ಲ, ಚಾಲಕನ ಬೆನ್ನಿಗೂ ಪೆಟ್ಟಿಲ್ಲ. ಭಾರ ಒಂದೇ ಮಗ್ಗುಲಿಗೆ ವಾಲಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತುಂಬಿದ ಬಕೆಟ್ ಎಂದೂ ಲಾರಿಯ ಕ್ಯಾಬಿನ್ನಿನ ಮೇಲೆ ಹಾಯಬಾರದು, ಲಾರಿಯ ಹಿಂಭಾಗದಿಂದಲೇ ಬರಬೇಕು. ಗದ್ದಲದಲ್ಲಿ ಇಬ್ಬರಿಗೂ ಇರುವ ಭಾಷೆ ಹಾರ್ನ್ ಒಂದೇ. ಹಿಂದೆ ಬಂದದ್ದು ಸಾಕು, ನಿಲ್ಲು ಎನ್ನಲೂ ಅದೇ. ತುಂಬಿತು, ಹೊರಡು ಎನ್ನಲೂ ಅದೇ. ಯಂತ್ರದ ಹಿಂದೆ ಆಪರೇಟರಿಗೆ ಕಾಣದ ಜಾಗವಿರುತ್ತದೆ. ಅಲ್ಲಿ ನಿಂತ ಕ್ಲೀನರ್ ಹುಡುಗನಿಗೆ ಹಾರ್ನೂ ಸಹಾಯಕ್ಕೆ ಬಾರದು.

ಲಾರಿಗಳೆಷ್ಟು ಬೇಕು? ಹಳೆಯ ಮೇಸ್ತ್ರಿಯ ಲೆಕ್ಕವೇ ಇಲ್ಲಿಯೂ. ಬಕೆಟ್ 1 ಘನ ಮೀಟರಿನದು, ಬಾಡಿ 10 ಘನ ಮೀಟರಿನದು ಎಂದುಕೊಳ್ಳೋಣ. ಹತ್ತು ಸುತ್ತಿಗೆ 200 ಸೆಕೆಂಡು, ಲಾರಿ ಬಂದು ನಿಲ್ಲುವುದೂ ಸೇರಿ 4 ನಿಮಿಷ. ಹೋಗಿ ಸುರಿದು ಬರಲು 16 ನಿಮಿಷವಾದರೆ ಒಂದು ಟ್ರಿಪ್ಪಿಗೆ ಒಟ್ಟು 20 ನಿಮಿಷ. ಐದು ಲಾರಿಗಳಿದ್ದರೆ ಯಾರೂ ಕಾಯಬೇಕಿಲ್ಲ. ನಾಲ್ಕಿದ್ದರೆ ಯಂತ್ರ ಕಾಯುತ್ತದೆ, ಆರಿದ್ದರೆ ಲಾರಿ ಕಾಯುತ್ತದೆ. ದೊಡ್ಡ ಗಣಿಗಳಲ್ಲಿ ಮೂರರಿಂದ ಆರು ಬಕೆಟಿಗೆ ಲಾರಿ ತುಂಬುವಂತೆ ಎರಡನ್ನೂ ಮೊದಲೇ ಜೋಡಿ ನೋಡಿ ಕೊಳ್ಳುತ್ತಾರೆ.

ಕಣ್ಣಿಗೆ ಕಾಣದ ಭಾರ

ಈಗ ಆ ಉಬ್ಬಿನ ಮಾತು. ಆಪರೇಟರ್ ನೋಡುವುದು ಬಾಡಿ ಎಷ್ಟು ತುಂಬಿದೆ ಎಂಬುದನ್ನು. ರಸ್ತೆ ಹೊರುವುದು ತೂಕವನ್ನು. ಸಡಿಲ ಮಣ್ಣು ಘನ ಮೀಟರಿಗೆ ಸುಮಾರು ಒಂದೂವರೆ ಟನ್ ತೂಗಿದರೆ ಕಬ್ಬಿಣದ ಅದಿರು ಎರಡೂವರೆ ಟನ್ ಅಥವಾ ಇನ್ನೂ ಹೆಚ್ಚು ತೂಗುತ್ತದೆ. ಅದೇ 10 ಘನ ಮೀಟರ್ ಬಾಡಿಯಲ್ಲಿ ಮಣ್ಣು 15 ಟನ್, ಅದಿರು 25 ಟನ್. ಅದಿರಿನ ಲಾರಿ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿದಾಗಲೇ ಅದರ ಶಕ್ತಿ ಮುಗಿದಿರುತ್ತದೆ. ಕಣ್ಣು ಮಾತ್ರ ಇನ್ನೂ ಜಾಗವಿದೆ ಎನ್ನುತ್ತದೆ, ಮಾಲೀಕನ ಆಸೆಯೂ ಅದನ್ನೇ ಹೇಳುತ್ತದೆ.

2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಬಳ್ಳಾರಿ, ಸಂಡೂರು, ಹೊಸಪೇಟೆಯ ರಸ್ತೆಗಳು ಈ ಆಸೆಯನ್ನು ಹೊತ್ತವು. ಕೆಂಪು ದೂಳೆಬ್ಬಿಸುತ್ತ ಲಾರಿಗಳ ಸಾಲು ಬೇಲೆಕೇರಿ ಬಂದರಿನವರೆಗೂ ಹೋಯಿತು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯಲ್ಲಿ ಮಿತಿ ಮೀರಿದ ಭಾರದ ವಿಚಾರವೂ ಇತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದುಬಂದ ಸಂಗತಿ ಇಲ್ಲಿ ಗಮನಾರ್ಹ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಜೀವ ಹೋಗುವುದು ಚಾಲಕನದು, ಎದುರು ಬಂದ ಬೈಕಿನವನದು. ತುಂಬಿದವರ ಹೆಸರು ಪೊಲೀಸ್ ದೂರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು ಲೆಕ್ಕ ಬಾಕಿಯಿದೆ. ಪುಟ್ಟಿಗೆ 20 ಕಿಲೋ ಎಂದರೂ ಆ 15 ಟನ್ ಮಣ್ಣು 750 ಪುಟ್ಟಿಯಾಯಿತು. ಯಂತ್ರಕ್ಕೆ ಅದು 4 ನಿಮಿಷ. ತಲೆ ಹೊರೆ ಇಳಿದದ್ದು ಒಳ್ಳೆಯದೇ, ಬೆನ್ನು ಮುರಿಯುವ ದುಡಿಮೆಯನ್ನು ಹಾಡಿ ಹೊಗಳಬೇಕಿಲ್ಲ. ಆದರೆ ಹೊರೆಯ ಜತೆ ಕೂಲಿಯೂ ಇಳಿಯಿತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೂಲಿಗಾರರ ಕೆಲಸ ಕಸಿಯುವ ಯಂತ್ರಗಳನ್ನು ಸಾಧ್ಯವಾದ ಮಟ್ಟಿಗೆ ಬಳಸಬಾರದೆಂಬ ನಿಯಮ ಸೇರಿಸಿದ್ದು ಇದಕ್ಕಾಗಿಯೇ. ಕೆರೆ ಹೂಳಿನ ಕೆಲಸಕ್ಕೆ ರಾತ್ರಿ ಹೊತ್ತು ಯಂತ್ರ ಇಳಿಸಿದರೆಂಬ ದೂರುಗಳು ಆಮೇಲೂ ಕೇಳಿಬಂದವು.

ಈಗ ಜೋಡಿಯ ಇನ್ನೊಂದು ಕೊನೆಯಿಂದಲೂ ಮನುಷ್ಯ ಇಳಿಯುತ್ತಿದ್ದಾನೆ. ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರಾ ಕಬ್ಬಿಣದ ಗಣಿಗಳಲ್ಲಿ 2008ರಿಂದ ಚಾಲಕರಿಲ್ಲದ ಡಂಪರ್‌ಗಳು ಓಡತೊಡಗಿದವು. ಅಲ್ಲಿ ಯಂತ್ರದ ಮೇಲೆ ಕುಳಿತವರು ಬಕೆಟನ್ನು ಒಂದು ಜಾಗಕ್ಕೆ ಹಿಡಿದು ಗುರುತು ಹಾಕಿದರೆ ಖಾಲಿ ಲಾರಿ ತಾನಾಗಿ ಬಂದು ಅದೇ ಜಾಗದಲ್ಲಿ ನಿಲ್ಲುತ್ತದೆ. ನಮ್ಮ ರಸ್ತೆ ಕೆಲಸಗಳಲ್ಲಿ ಮಾತ್ರ ಲಾರಿಯಲ್ಲಿ ಇನ್ನೂ ಚಾಲಕನಿದ್ದಾನೆ. ನಿಮ್ಮಲ್ಲಿ ಕೆಲವರು ನಾಳೆ ಇಂಥ ಕೆಲಸಗಳ ಮೇಲ್ವಿಚಾರಕರಾಗಬಹುದು. ಆಗ ಯಂತ್ರದ ಬಾಯಿ ಎಷ್ಟು ದೊಡ್ಡದು ಎಂದು ಕೇಳುವ ಮೊದಲು ಎರಡು ವಿಷಯ ವಿಚಾರಿಸಿ: ಈ ಲಾರಿ ಹೊರಬಲ್ಲದ್ದೆಷ್ಟು, ಬಕೆಟ್ ತಿರುಗುವ ದಾರಿಯಲ್ಲಿ ಯಾರಾದರೂ ನಿಂತಿದ್ದಾರೆಯೆ?