ತೇಲಿದ ಹನಿ

ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಘಟಕದವರು ನಡೆಸುವ ರಕ್ತದಾನ ಶಿಬಿರಗಳನ್ನು ನೀವು ನೋಡಿರುತ್ತೀರಿ. ಬಾಗಿಲ ಬಳಿ ಹೆಸರು ಬರೆಸುವವರ ಸಾಲು, ಒಳಗೆ ನಾಲ್ಕಾರು ಮಂಚ, ಕೊಟ್ಟು ಎದ್ದವರಿಗೆ ಬಿಸ್ಕತ್ತು, ಹಣ್ಣಿನ ರಸ, ಒಂದು ಪ್ರಮಾಣಪತ್ರ. ಸಾಲಿಗೂ ಮಂಚಕ್ಕೂ ನಡುವೆ ಒಂದು ಸಣ್ಣ ಮೇಜು ಇರುತ್ತದೆ. ಫೋಟೋ ತೆಗೆಯುವವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನನ್ನು ಕೇಳಿದರೆ ಇಡೀ ಶಿಬಿರದಲ್ಲಿ ವಿದ್ಯಾರ್ಥಿಗಳ ಆರೋಗ್ಯಕ್ಕೆ ಅತಿ ಹೆಚ್ಚು ಉಪಯೋಗಕ್ಕೆ ಬರಬಹುದಾದ ಜಾಗ ಅದೇ.

ಆ ಮೇಜಿನ ಹಿಂದೆ ಕುಳಿತವರು ನಿಮ್ಮ ಬೆರಳ ತುದಿಗೆ ಚುಚ್ಚಿ, ಸಣ್ಣ ಗಾಜಿನ ನಳಿಕೆಯಲ್ಲಿ ರಕ್ತ ಎಳೆದುಕೊಂಡು, ನೀಲಿ ನೀರಿರುವ ಗ್ಲಾಸಿನ ಮೇಲೆ ಬೆರಳೆತ್ತರದಿಂದ ಒಂದೇ ಒಂದು ಹನಿ ಬಿಡುತ್ತಾರೆ. ಆ ನೀಲಿ ನೀರು ಬೇರೇನೂ ಅಲ್ಲ, ಮೈಲುತುತ್ತದ ದ್ರಾವಣ. ಮಲೆನಾಡಿನವರು ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುತ್ತಾರಲ್ಲ, ಅದೇ ಮೈಲುತುತ್ತ. ನೀರಿಗೆ ಅದನ್ನು ಎಷ್ಟು ಬೆರೆಸಬೇಕು ಎನ್ನುವುದಕ್ಕೆ ಲೆಕ್ಕವಿದೆ. ದ್ರಾವಣದ ಸಾಂದ್ರತೆ ನೀರಿನ 1.053 ಪಟ್ಟು ಇರಬೇಕು. ನೂರು ಮಿಲಿಲೀಟರ್ ರಕ್ತದಲ್ಲಿ 12.5 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಆ ರಕ್ತವೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಹನಿ ಹದಿನೈದು ಸೆಕೆಂಡಿನೊಳಗೆ ನೇರ ತಳಕ್ಕೆ ಹೋಗುತ್ತದೆ. ಕಡಿಮೆಯಿದ್ದರೆ ನಡುವೆ ತೂಗಾಡುತ್ತದೆ, ಇಲ್ಲವೇ ಮೇಲಕ್ಕೆ ಏರುತ್ತದೆ. ಮುಳುಗಿದವರು ಮಂಚಕ್ಕೆ, ತೇಲಿದವರು ವಾಪಸ್ಸು. ಈಗ ಹಲವು ಕಡೆ ಗ್ಲಾಸಿನ ಬದಲು ಅಂಗೈಯಗಲದ ಯಂತ್ರ ಬಂದಿದೆ, ಫಲಿತಾಂಶ ಅಂಕಿಯಲ್ಲೇ ಕಾಣುತ್ತದೆ.

ವಾಪಸ್ಸು ಬಂದವಳನ್ನು ಗೆಳತಿ ಕೇಳುತ್ತಾಳೆ, "ಯಾಕೇ, ಕೊಡಲಿಲ್ವಾ?" ಇವಳು, "ಇಲ್ಲ ಕಣೇ, ಎಚ್‌ಬಿ ಕಮ್ಮಿ ಅಂದ್ರು" ಎಂದು ನಗುತ್ತಾಳೆ. ಇಬ್ಬರೂ ಕ್ಯಾಂಟೀನಿಗೆ ಹೋಗಿ ಟೀ ಕುಡಿಯುತ್ತಾರೆ. ವಿಷಯ ಅಲ್ಲಿಗೆ ಮುಗಿಯುತ್ತದೆ. ನನ್ನ ತಕರಾರು ಇರುವುದು ಈ ಮುಗಿಯುವುದರ ಬಗ್ಗೆ. ಕಾಸು ಖರ್ಚಿಲ್ಲದೆ ತನ್ನ ದೇಹದ ಬಗ್ಗೆ ಒಂದು ವರದಿ ಅವಳ ಕೈಗೆ ಬಂತು, ಅದನ್ನು ಓದುವವರೇ ಇಲ್ಲದೆ ಹೋಯಿತು. ಶಿಬಿರ ನಡೆಸಿದವರಿಗೆ ಬೇಕಾದದ್ದು ರಕ್ತದ ಚೀಲಗಳ ಸಂಖ್ಯೆ. ಚೀಲ ತುಂಬದವರ ಪಟ್ಟಿಯನ್ನು ಹೆಚ್ಚಿನವರು ತಿರುಗಿ ನೋಡುವುದಿಲ್ಲ.

ಆ ಪಟ್ಟಿ ಚಿಕ್ಕದಿರಲಾರದು. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಹುಡುಗರಲ್ಲಿ ಶೇಕಡ 31. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರನ್ನು ತೆಗೆದುಕೊಂಡರೆ ಸುಮಾರು ಶೇಕಡ 48. ಎಂದರೆ ಪದವಿ ತರಗತಿಯ ಒಂದು ಬೆಂಚಿನಲ್ಲಿ ನಾಲ್ವರು ಹುಡುಗಿಯರು ಕುಳಿತಿದ್ದರೆ ಇಬ್ಬರ ರಕ್ತದಲ್ಲಿ ಇರಬೇಕಾದಷ್ಟು ಹಿಮೋಗ್ಲೋಬಿನ್ ಇಲ್ಲ ಎಂದುಕೊಳ್ಳಬಹುದು. ಹೆಂಗಸರಿಗೆ 12 ಗ್ರಾಂ, ಗಂಡಸರಿಗೆ 13 ಗ್ರಾಂ, ಅದಕ್ಕಿಂತ ಇಳಿದರೆ ರಕ್ತಹೀನತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಿಮೋಗ್ಲೋಬಿನ್ ಮಾಡುವ ಕೆಲಸ ನಿಮಗೆ ಗೊತ್ತೇ ಇದೆ: ಶ್ವಾಸಕೋಶದಿಂದ ಆಮ್ಲಜನಕ ಹೊತ್ತುಕೊಂಡು ಮೈಗೆಲ್ಲ ಹಂಚುವುದು. ಅದರ ನಡುವಿನಲ್ಲಿ ಕೂತು ಆಮ್ಲಜನಕವನ್ನು ಹಿಡಿದುಕೊಳ್ಳುವುದು ಕಬ್ಬಿಣ. ವಯಸ್ಕರ ಮೈಯಲ್ಲಿರುವ ಒಟ್ಟು ಕಬ್ಬಿಣ ಮೂರು ನಾಲ್ಕು ಗ್ರಾಂ, ಹೆಚ್ಚೆಂದರೆ ಒಂದು ಸಣ್ಣ ಮೊಳೆಯಷ್ಟು. ದೇಹ ಇದರ ವಿಷಯದಲ್ಲಿ ಬಲು ಜಿಪುಣ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಸತ್ತಾಗ ಅವುಗಳ ಕಬ್ಬಿಣವನ್ನು ಹೆಕ್ಕಿ ಹೊಸ ಕಣಗಳಿಗೆ ಹಾಕುತ್ತದೆ. ದಿನಕ್ಕೆ ಒಂದು ಮಿಲಿಗ್ರಾಂ ಆಸುಪಾಸು ಮಾತ್ರ ಹೊರಗೆ ಹೋಗುತ್ತದೆ. ಆದರೆ ರಕ್ತವೇ ಹೊರಗೆ ಹೋದರೆ ಈ ಜಿಪುಣತನ ನಡೆಯುವುದಿಲ್ಲ. ಒಂದು ಮಿಲಿಲೀಟರ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ತಿಂಗಳ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು ಮೂವತ್ತು ನಲವತ್ತು ಮಿಲಿಲೀಟರ್. ಕಬ್ಬಿಣದ ಲೆಕ್ಕದಲ್ಲಿ ಹದಿನೈದು ಇಪ್ಪತ್ತು ಮಿಲಿಗ್ರಾಂ. ಕೆಲವರಿಗೆ ಇದರ ಎರಡರಷ್ಟು, ಮೂರರಷ್ಟು ಹೋಗುತ್ತದೆ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು, ಗಡ್ಡೆಗಡ್ಡೆಯಾಗಿ ಹೋಗುವುದು, ಏಳು ದಿನ ದಾಟಿದರೂ ನಿಲ್ಲದಿರುವುದು, ಇದನ್ನು "ನಮ್ಮಮ್ಮನಿಗೂ ಹೀಗೇ ಇತ್ತು" ಎಂದು ಸಹಿಸಿಕೊಂಡು ಕೂರಬಾರದು. ಅಮ್ಮನಿಗೂ ಚಿಕಿತ್ಸೆ ಬೇಕಿತ್ತು, ಅಷ್ಟೇ.

ಮೈಯಲ್ಲಿ ಕಬ್ಬಿಣಕ್ಕೆ ಒಂದು ಕಣಜವಿದೆ. ಫೆರಿಟಿನ್ ಎಂಬ ಪ್ರೋಟೀನಿನ ರೂಪದಲ್ಲಿ ಮುಖ್ಯವಾಗಿ ಪಿತ್ತಜನಕಾಂಗದಲ್ಲಿ ಇರುತ್ತದೆ. ಖರ್ಚು ಹೆಚ್ಚಾದಾಗ ಮೊದಲು ಕಣಜ ಬರಿದಾಗುತ್ತದೆ, ಅಡುಗೆಮನೆಯ ಡಬ್ಬ ಖಾಲಿಯಾಗುವುದು ಆಮೇಲೆ. ಹಾಗಾಗಿ ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ಕೊರತೆ ಇರಬಹುದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಯುವತಿಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಕ್ತಹೀನತೆ ಇಲ್ಲದೆ ಬರೀ ಕಬ್ಬಿಣದ ಕೊರತೆ ಇದ್ದವರೂ ಗಮನ ಮತ್ತು ನೆನಪಿನ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟಾಗ, ಕಬ್ಬಿಣದ ಮಟ್ಟ ಏರಿದವರು ಸುಧಾರಿಸಿದರು.

ಇದು ವಿದ್ಯಾರ್ಥಿಗಳಿಗೆ ಯಾಕೆ ತಟ್ಟಬೇಕು ಎಂದರೆ, ಈ ಕೊರತೆಯ ಲಕ್ಷಣಗಳಿಗೆ ನಮ್ಮ ಮನೆ, ಕಾಲೇಜುಗಳಲ್ಲಿ ಬೇರೆಯದೇ ಹೆಸರುಗಳಿವೆ. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸಿದರೆ ಸೋಮಾರಿತನ. ಎರಡು ಮಹಡಿ ಹತ್ತಿ ಏದುಸಿರು ಬಿಟ್ಟರೆ "ವ್ಯಾಯಾಮ ಇಲ್ಲ ನಿಂಗೆ". ಓದಿದ್ದು ತಲೆಗೆ ಹತ್ತದಿದ್ದರೆ ಮೊಬೈಲ್ ಹುಚ್ಚು. ಇವೆಲ್ಲ ನಿಜವೂ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಬೈಯುವ ಮೊದಲು ಒಂದು ರಕ್ತಪರೀಕ್ಷೆ ಆಗಲಿ ಎನ್ನುತ್ತೇನೆ. ಇನ್ನೊಂದು ಲಕ್ಷಣವನ್ನು ಹೆಣ್ಣುಮಕ್ಕಳು ಯಾರಿಗೂ ಹೇಳುವುದಿಲ್ಲ. ಬ್ಯಾಗಿನ ಮೂಲೆಯಲ್ಲಿ ಬಳಪದ ಕಡ್ಡಿಗಳ ಪೊಟ್ಟಣ ಇಟ್ಟುಕೊಂಡು ಕದ್ದು ಕಡಿಯುವುದು, ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವುದು, ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಮಣ್ಣನ್ನೇ ತಿನ್ನಬೇಕೆನಿಸುವುದು. ಇದು ಕೆಟ್ಟ ಚಾಳಿಯಲ್ಲ, ನಾಚಿಕೆ ಪಡುವಂಥದ್ದೂ ಅಲ್ಲ. ಕಬ್ಬಿಣ ಕಮ್ಮಿಯಾದವರಲ್ಲಿ ಕಾಣಿಸುವ, ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಚಿಹ್ನೆ. ಕೊರತೆ ನೀಗಿದ ಮೇಲೆ ಬಹಳ ಮಂದಿಯಲ್ಲಿ ಆ ಆಸೆ ತಾನಾಗಿ ಹೋಗುತ್ತದೆ.

ಈಗ ಊಟದ ಮಾತು. ರಕ್ತ ಕಮ್ಮಿ ಎಂದ ತಕ್ಷಣ ಮನೆಯವರು ಬೀಟ್‌ರೂಟ್, ದಾಳಿಂಬೆ ತಂದಿಡುತ್ತಾರೆ. ಬಣ್ಣ ನೋಡಿ ಹುಟ್ಟಿದ ನಂಬಿಕೆ ಇದು. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ತಿನ್ನಿ, ಒಳ್ಳೆಯದೇ, ರಕ್ತದ ಆಸೆಯಿಂದ ಮಾತ್ರ ಬೇಡ. ಅಷ್ಟೇ ರಾಗಿಯಲ್ಲಿ ನಾಲ್ಕೈದು ಮಿಲಿಗ್ರಾಂ ಇದೆ. ಕಾಳುಗಳಲ್ಲಿ, ಸೊಪ್ಪಿನಲ್ಲಿ ಇದೆ. ತೊಡಕೇನೆಂದರೆ, ಇರುವುದೆಲ್ಲ ನಮ್ಮ ಮೈಗೆ ದಕ್ಕುವುದಿಲ್ಲ. ಮಾಂಸ, ಈಲಿ, ಮೀನಿನ ಕಬ್ಬಿಣ ಸುಲಭವಾಗಿ ಹೀರಿಕೆಯಾಗುತ್ತದೆ. ಧಾನ್ಯ, ಕಾಳು, ಸೊಪ್ಪಿನ ಕಬ್ಬಿಣವನ್ನು ಅದೇ ಧಾನ್ಯ ಸೊಪ್ಪುಗಳ ಬೇರೆ ಅಂಶಗಳು ಕಟ್ಟಿಹಾಕಿಬಿಡುತ್ತವೆ. ನಮ್ಮಂಥ ಅನ್ನ, ಮುದ್ದೆ, ಸಾರಿನ ಊಟದಲ್ಲಿ ಶೇಕಡ ಎಂಟರಷ್ಟು ದಕ್ಕಿದರೆ ಪುಣ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಮಿಲಿಗ್ರಾಂ ಬೇಕೆಂದು ಹೇಳುವುದು ಈ ಸೋರಿಕೆಯನ್ನೆಲ್ಲ ಲೆಕ್ಕ ಹಾಕಿಯೇ.

ಕಟ್ಟು ಬಿಡಿಸುವ ಉಪಾಯ ನಮ್ಮ ಅಡುಗೆಯಲ್ಲೇ ಇದೆ. ಕೋಸಂಬರಿಗೆ ನಿಂಬೆ ಹಿಂಡುತ್ತೇವೆ, ಚಿತ್ರಾನ್ನಕ್ಕೂ ಹಿಂಡುತ್ತೇವೆ. ಹಿಂಡಿದ ನಿಂಬೆಯಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರಿಕೊಳ್ಳುವ ರೂಪಕ್ಕೆ ತರುತ್ತದೆ. ಹುರುಳಿ, ಹೆಸರುಕಾಳನ್ನು ಮೊಳಕೆ ಕಟ್ಟಿ ಬಸ್ಸಾರು ಮಾಡಿದರೆ, ರಾಗಿಯನ್ನು ಮೊಳಕೆ ಬರಿಸಿ ಹುರಿಹಿಟ್ಟು ಮಾಡಿದರೆ, ಇಡ್ಲಿ ದೋಸೆಯ ಹಿಟ್ಟು ಹುಳಿ ಬಂದರೆ, ಕಬ್ಬಿಣವನ್ನು ಹಿಡಿದಿಟ್ಟ ಫೈಟೇಟ್ ಒಡೆಯುತ್ತದೆ. ಹುಳಿ ಬೆರೆಸಿದ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಬಾಣಲೆಯ ಕಬ್ಬಿಣವೂ ಒಂದಿಷ್ಟು ಗೊಜ್ಜಿಗೆ ಇಳಿಯುತ್ತದೆ. ಹಾಸ್ಟೆಲ್‌ನಲ್ಲಿರುವವರಿಗೆ ಬಾಣಲೆ ಆರಿಸುವ ಅಧಿಕಾರ ಇಲ್ಲ, ಗೊತ್ತು. ಆದರೆ ಊಟದ ತಟ್ಟೆಗೆ ಒಂದು ನಿಂಬೆ ಹೋಳು, ಸಂಜೆಗೆ ಉಪ್ಪು ಕಾರ ಹಚ್ಚಿದ ಒಂದು ಸೀಬೆಹಣ್ಣು, ಇವನ್ನು ಯಾರೂ ತಡೆಯಲಾರರು.

ಇನ್ನು ಟೀ. ಮೆಸ್‌ನಲ್ಲಿ ಉಪ್ಪಿಟ್ಟು ಮುಗಿಸಿ ಅದೇ ಉಸಿರಿನಲ್ಲಿ ಟೀ ಲೋಟ ಎತ್ತುವುದು ನಮ್ಮ ಪದ್ಧತಿ. ಟೀ ಸೊಪ್ಪಿನಲ್ಲಿ ಒಗರಿರುತ್ತದಲ್ಲ, ಆ ಒಗರೇ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ. ಊಟದ ಜೊತೆಗೆ ಟೀ ಕುಡಿದರೆ ಆ ಊಟದ ಕಬ್ಬಿಣದಲ್ಲಿ ದಕ್ಕಬೇಕಾದದ್ದರ ಅರ್ಧಕ್ಕಿಂತ ಹೆಚ್ಚು ನಷ್ಟವಾಗಬಹುದು. ಕಾಫಿಯದೂ ಇದೇ ಕತೆ, ತುಸು ಕಮ್ಮಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಟೀ ಕಾಫಿ ಬೇಡ ಎಂದಿದೆ. ಟೀ ಬಿಡಿ ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಹನ್ನೊಂದಕ್ಕೆ ಕುಡಿಯಿರಿ, ನಾಲ್ಕಕ್ಕೆ ಕುಡಿಯಿರಿ. ಊಟದಿಂದ ದೂರ ಇಡಿ.

ಹನಿ ತೇಲಿದವರು ಊಟವೊಂದನ್ನೇ ನೆಚ್ಚಿಕೊಂಡರೆ ಸಾಲದು. ಬರಿದಾದ ಕಣಜ ತುಂಬಲು ಮಾತ್ರೆಯೇ ಬೇಕು. ಮೊದಲು ತಾಲ್ಲೂಕು ಆಸ್ಪತ್ರೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಿ ರಕ್ತಪರೀಕ್ಷೆ ಮಾಡಿಸಿ. ಮೈಲುತುತ್ತದ ಗ್ಲಾಸು ಕೆಲವೊಮ್ಮೆ ಸರಿಯಿದ್ದವರನ್ನೂ ತೇಲಿಸಿಬಿಡುತ್ತದೆ. ಕೊರತೆ ಖಚಿತವಾದರೆ ವೈದ್ಯರು ಕಬ್ಬಿಣ ಮತ್ತು ಫೋಲಿಕ್ ಆಮ್ಲ ಸೇರಿದ ಮಾತ್ರೆ ಬರೆದುಕೊಡುತ್ತಾರೆ. ಆ ಫೋಲಿಕ್ ಆಮ್ಲಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟು. 1928ರಲ್ಲಿ ಭಾರತಕ್ಕೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಮುಂಬಯಿಯ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಬೆನ್ನು ಹತ್ತಿದರು. ಬ್ರೆಡ್ಡಿಗೆ ಸವರುವ ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟ್ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. ಅದರಲ್ಲಿ ಏನಿತ್ತು ಎನ್ನುವ ಹುಡುಕಾಟವೇ ಮುಂದೆ ಫೋಲಿಕ್ ಆಮ್ಲಕ್ಕೆ ದಾರಿ ಮಾಡಿತು.

ಮಾತ್ರೆ ಶುರು ಮಾಡಿದವರಲ್ಲಿ ಬಹಳಷ್ಟು ಮಂದಿ ಒಂದೇ ವಾರಕ್ಕೆ ಬಿಡುತ್ತಾರೆ. ಕಾರಣ, ಏನೇನಾಗಬಹುದು ಎಂದು ಯಾರೂ ಮೊದಲೇ ಹೇಳಿರುವುದಿಲ್ಲ. ಮಲ ಕಪ್ಪಗಾಗುತ್ತದೆ, ಹೆದರಬೇಡಿ, ಹೀರಿಕೆಯಾಗದ ಕಬ್ಬಿಣದ ಬಣ್ಣ ಅದು. ವಾಕರಿಕೆ ಬರಬಹುದು, ಮಲಬದ್ಧತೆ ಆಗಬಹುದು. ಬರೀ ಹೊಟ್ಟೆಗೆ ಒಗ್ಗದಿದ್ದರೆ ಊಟವಾದ ಮೇಲೆ ನುಂಗಿ, ತುಸು ಕಮ್ಮಿ ದಕ್ಕಿದರೂ ಚಿಂತೆಯಿಲ್ಲ. ಹಾಲು, ಟೀ, ಆಸಿಡಿಟಿ ಮಾತ್ರೆಯ ಜೊತೆ ಮಾತ್ರ ಬೇಡ. ದಿನಾ ತೊಂದರೆಯಾಗುತ್ತಿದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಒಂದು ದೊಡ್ಡ ಮಾತ್ರೆ ಒಳಗೆ ಹೋದರೆ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಟ್ಟು ಸುಮಾರು ಒಂದು ದಿನ ಕರುಳಿನ ಬಾಗಿಲು ಮುಚ್ಚಿಸುತ್ತದೆ. ಒಂದು ದಿನ ಬಿಟ್ಟು ನುಂಗಿದಾಗ ಪ್ರತಿ ಮಾತ್ರೆಯಿಂದಲೂ ಹೆಚ್ಚು ಕಬ್ಬಿಣ ದಕ್ಕಿದ್ದನ್ನು ಈಚಿನ ವರ್ಷಗಳ ಸಂಶೋಧನೆ ತೋರಿಸಿದೆ. ಇನ್ನು, ಸುಸ್ತು ಹೋಯಿತು ಎಂದು ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ನುಂಗಿದರೆ ಮಾತ್ರ ಕಣಜ ತುಂಬುತ್ತದೆ.

ಹುಡುಗರಿಗೊಂದು ಮಾತು. ಮುಟ್ಟಿಲ್ಲದ ಮೈಯಲ್ಲಿ ರಕ್ತ ಕಮ್ಮಿಯಾದರೆ ಎಲ್ಲೋ ಸೋರುತ್ತಿದೆಯೇ ಎಂದು ನೋಡಲೇಬೇಕು. ಮೂಲವ್ಯಾಧಿ ಇರಬಹುದು, ಹೊಟ್ಟೆಯ ಹುಣ್ಣಿರಬಹುದು, ಬರಿಗಾಲಲ್ಲಿ ತೋಟ ಗದ್ದೆ ಓಡಾಡುವವರಿಗೆ ಅಂಗಾಲಿನಿಂದ ಒಳಸೇರುವ ಕೊಕ್ಕೆಹುಳು ಇರಬಹುದು. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಆ ಹುಳುವಿಗೆ ಸಾಮಾನ್ಯವಾಗಿ ಒಂದು ಆಲ್ಬೆಂಡಜೋಲ್ ಮಾತ್ರೆ ಸಾಕಾಗುತ್ತದೆ.

ಕ್ರಮವಾಗಿ ಮಾತ್ರೆ ನುಂಗಿದರೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ ಮತ್ತೆ ಆಸ್ಪತ್ರೆಗೆ ಹೋಗಿ. ಬಿ12 ಕೊರತೆ ಇರಬಹುದು, ಹಾಲು ಮೊಸರು ಕಮ್ಮಿ ತಿನ್ನುವ ಸಸ್ಯಾಹಾರಿಗಳಲ್ಲಿ ಇದು ಅಪರೂಪವಲ್ಲ. ಇಲ್ಲವೇ ಅಪ್ಪನಿಂದಲೋ ಅಮ್ಮನಿಂದಲೋ ಬಂದ ಥಲಸ್ಸೇಮಿಯಾದ ಒಂದು ವಂಶವಾಹಿ ಇರಬಹುದು. ಅಂಥವರ ರಕ್ತಕಣಗಳು ಹುಟ್ಟಿನಿಂದಲೇ ಚಿಕ್ಕವು, ಅದು ಕಾಯಿಲೆಯಲ್ಲ. ಕಬ್ಬಿಣದ ಕೊರತೆಯೂ ಜೊತೆಗಿಲ್ಲದಿದ್ದರೆ ಅವರಿಗೆ ಕಬ್ಬಿಣದ ಮಾತ್ರೆ ಬೇಡ. ಆದರೆ ಮದುವೆಯಾಗುವವರಿಗೂ ಅದೇ ವಂಶವಾಹಿ ಇದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಇಬ್ಬರಿಗೂ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ತೀವ್ರ ಥಲಸ್ಸೇಮಿಯಾ ಬರುವ ಸಾಧ್ಯತೆ ಇರುತ್ತದೆ.